ಎರಡು ಐಸ್ಕಸಿ ಗೇಟ್‌ವೇ, ಒಂದೇ ಡಿಸ್ಕ್: ಕರೆಂಟ್ ಕೈಕೊಟ್ಟರೂ ಸ್ಟೋರೇಜ್ ನಿಲ್ಲದಂತೆ ಕಟ್ಟುವ ಬಗೆ

ಐಸ್ಕಸಿ ಎಂದರೆ ನೆಟ್‌ವರ್ಕ್ ಮೂಲಕ ಬೇರೆ ಯಂತ್ರಕ್ಕೆ (ಕ್ಲೈಂಟ್‌ಗೆ) ಡಿಸ್ಕ್ ಕೊಡುವ ವಿಧಾನ, ಹಾಗೆ ಕೊಡುವ ಸರ್ವರೇ ಗೇಟ್‌ವೇ. ಅಂಥ ಎರಡು ಲಿನಕ್ಸ್ ಯಂತ್ರಗಳನ್ನು ಜೋಡಿಸಿ, ಒಂದು ಬಿದ್ದರೆ ಇನ್ನೊಂದು ಒಂದು ನಿಮಿಷದೊಳಗೆ ಅದೇ ಡಿಸ್ಕನ್ನು ಅದೇ ವಿಳಾಸದಲ್ಲಿ ಕೊಡುವಂತೆ ಮಾಡುವುದು ಇಲ್ಲಿಯ ಕೆಲಸ. ಗಂಗಾವತಿಯ ಅಕ್ಕಿ ಗಿರಣಿಯ ಲೆಕ್ಕದ ಸರ್ವರ್‌ಗೂ ಬಳ್ಳಾರಿಯ ಸ್ಕ್ಯಾನಿಂಗ್ ಸೆಂಟರಿನ ಚಿತ್ರಗಳಿಗೂ ಇಷ್ಟು ಸಾಕು. ಎರಡೂ ಯಂತ್ರಗಳಲ್ಲಿ ಡಿಸ್ಕಿನ ಒಂದೇ ಪ್ರತಿ ಇರುವಂತೆ ಡಿಆರ್‌ಬಿಡಿ ಎಂಬ ತಂತ್ರಾಂಶ ನೋಡಿಕೊಳ್ಳುತ್ತದೆ, ಟಾರ್ಗೆಟ್ ಕೆಲಸ (ಡಿಸ್ಕನ್ನು ಕ್ಲೈಂಟ್‌ಗೆ ಕೊಡುವುದು) ಕರ್ನಲ್‌ನಲ್ಲೇ ಇರುವ ಎಲ್‌ಐಒದ್ದು, ಯಾರು ಯಾವಾಗ ಮುಂದೆ ಬರಬೇಕು ಎಂಬ ತೀರ್ಮಾನ ಪೇಸ್‌ಮೇಕರ್‌ನದು, ಅದಕ್ಕೆ ಬೇಕಾದ ಸರ್ವರ್‌ಗಳ ನಡುವಿನ ಮಾತುಕತೆ ಕೊರೋಸಿಂಕ್‌ನದು.

ಎರಡೂ ಗೇಟ್‌ವೇಗಳಿಂದ ಒಂದೇ ಡಿಸ್ಕನ್ನು ಏಕಕಾಲಕ್ಕೆ ಕೊಡುವ ಆಸೆ ಬೇಡ. ಡಿಆರ್‌ಬಿಡಿಯನ್ನು ಡ್ಯುಯಲ್ ಪ್ರೈಮರಿ (ಎರಡೂ ಕಡೆ ಬರೆಯಬಹುದಾದ ಸ್ಥಿತಿ) ಮಾಡಿ ಕ್ಲೈಂಟ್‌ನಲ್ಲಿ ಮಲ್ಟಿಪಾತ್ (ಒಂದೇ ಡಿಸ್ಕಿಗೆ ಹಲವು ದಾರಿ) ಹಾಕಿದರೆ ವೇಗ ಹೆಚ್ಚುತ್ತದೆ ಎಂದು ತೋರುತ್ತದೆ. ಆದರೆ ಒಂದು ಎಲ್‌ಐಒ ಬಳಿ ಇರುವ ಸ್ಕಸಿ ರಿಸರ್ವೇಶನ್ (ಡಿಸ್ಕ್ ಸದ್ಯ ಯಾವ ಕ್ಲೈಂಟಿನ ಹಿಡಿತದಲ್ಲಿದೆ ಎಂಬ ಗುರುತು) ಇನ್ನೊಂದಕ್ಕೆ ಗೊತ್ತೇ ಇರುವುದಿಲ್ಲ. ನಡುವಿನ ಕೇಬಲ್ ತುಸು ಹೊತ್ತು ತಪ್ಪಿದರೂ ಎರಡು ಪ್ರತಿಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ, ಆಮೇಲೆ ಯಾವ ಬ್ಲಾಕ್ ಸರಿ ಎಂದು ಹೇಳುವವರಿಲ್ಲ. ಒಂದು ದುಡಿಯಲಿ, ಇನ್ನೊಂದು ಕಾಯಲಿ.

ಬೇಕಾದ ಸಾಮಾನು

ಒಂದೇ ಅಳತೆಯ ಡಿಸ್ಕ್ ಇರುವ ಎರಡು ಸರ್ವರ್. ಪ್ರತಿಯೊಂದಕ್ಕೂ ಎರಡು ಪವರ್ ಸಪ್ಲೈ, ಪ್ರತ್ಯೇಕ ಪೋರ್ಟಿನ ಐಪಿಎಂಐ (ಸರ್ವರನ್ನು ದೂರದಿಂದ ಬಂದ್-ಚಾಲೂ ಮಾಡುವ ಒಳಗಿನ ವ್ಯವಸ್ಥೆ), ಕನಿಷ್ಠ ನಾಲ್ಕು ನೆಟ್‌ವರ್ಕ್ ಪೋರ್ಟ್: ಐಸ್ಕಸಿಗೆ ಎರಡು, ಎರಡು ಸರ್ವರ್‌ಗಳ ನಡುವಿನ ನೇರ ಕೇಬಲ್‌ಗೆ 10 ಗಿಗಾಬಿಟ್‌ನ ಒಂದು, ನಿರ್ವಹಣೆಗೆ ಒಂದು. ಎರಡು ಸ್ವಿಚ್, ಎರಡು ಆನ್‌ಲೈನ್ ಯುಪಿಎಸ್, ನೆಟ್‌ವರ್ಕ್‌ನಿಂದ ಪ್ಲಗ್ ಬಂದ್ ಮಾಡಬಲ್ಲ ಎರಡು ಪಿಡಿಯು (ಕರೆಂಟ್ ಹಂಚುವ ಪ್ಲಗ್ ಪಟ್ಟಿ). ಇವಲ್ಲದೆ ಬೇರೆ ಕೋಣೆಯಲ್ಲಿ ಒಂದು ಚಿಕ್ಕ ಯಂತ್ರ, ಕೋರಂನ (ಬಹುಮತ ಯಾವ ಕಡೆ ಎಂಬ ಲೆಕ್ಕದ) ಮೂರನೇ ಮತ ಅದರದ್ದು.

ಆನ್‌ಲೈನ್ ಯುಪಿಎಸ್ಸೇ ಯಾಕೆಂದರೆ, ಜೆಸ್ಕಾಂ ಲೈನಿನಿಂದ ಜನರೇಟರ್‌ಗೆ ಬದಲಾಗುವ ಹೊತ್ತಿನಲ್ಲಿ ವೋಲ್ಟೇಜ್ ಒಂದೆರಡು ಸಲ ಕುಸಿದು ಏಳುತ್ತದೆ. ಅಗ್ಗದ ಯುಪಿಎಸ್ ಪ್ರತಿ ಸಲವೂ ಬ್ಯಾಟರಿಗೆ ಜಿಗಿಯುತ್ತದೆ. ಎಸಿಯನ್ನೂ ಮರೆಯಬೇಡಿ. ಸರ್ವರ್ ಯುಪಿಎಸ್ ಮೇಲೆ ಓಡುತ್ತಲೇ ಇರುತ್ತದೆ, ಎಸಿ ನಿಂತಿರುತ್ತದೆ. ರಾಯಚೂರು, ಬಳ್ಳಾರಿಯ ಏಪ್ರಿಲ್-ಮೇ ತಿಂಗಳಲ್ಲಿ ಹೊರಗೇ 40 ಡಿಗ್ರಿ ದಾಟಿರುವಾಗ ಮುಚ್ಚಿದ ಕೋಣೆ ಕೆಲವೇ ನಿಮಿಷಗಳಲ್ಲಿ ಕುದಿಯುತ್ತದೆ. ಕರೆಂಟ್ ಬಂದಾಗ ತಾನೇ ಚಾಲೂ ಆಗುವ ಎಸಿಯನ್ನೇ ಆರಿಸಿ. ಸಂಡೂರು, ತೋರಣಗಲ್ಲು ಕಡೆಯಾದರೆ ಅದಿರಿನ ಧೂಳು ಫ್ಯಾನಿನ ಬಾಯಿಗೆ ಕೆಂಪಗೆ ಮೆತ್ತಿಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ಬಿಚ್ಚಿ ತೊಳೆದು, ಪೂರ್ತಿ ಒಣಗಿಸಿ ಹಾಕಿ.

ವೈರಿಂಗ್ ಹೀಗಿರಲಿ: ಪ್ರತಿ ಸರ್ವರ್‌ನ ಒಂದು ಸಪ್ಲೈ ಒಂದು ಪಿಡಿಯು ಮೂಲಕ ಮೊದಲ ಯುಪಿಎಸ್‌ಗೆ, ಇನ್ನೊಂದು ಮತ್ತೊಂದು ಪಿಡಿಯು ಮೂಲಕ ಎರಡನೆಯದಕ್ಕೆ. ಸ್ವಿಚ್‌ಗಳೂ ಒಂದೊಂದು ಯುಪಿಎಸ್‌ಗೆ ಹಂಚಿಹೋಗಲಿ.

ನೆಟ್‌ವರ್ಕ್ ಮತ್ತು ಡಿಆರ್‌ಬಿಡಿ

ಐಸ್ಕಸಿಗೆ ಎರಡು ಬೇರೆ ಸಬ್‌ನೆಟ್ ಕೊಡಿ, ಉದಾಹರಣೆಗೆ 10.20.1.0/24 ಮತ್ತು 10.20.2.0/24, ಒಂದೊಂದು ಸ್ವಿಚ್‌ಗೆ ಒಂದೊಂದು. ನೇರ ಕೇಬಲ್‌ಗೆ 10.20.9.0/30. ಕೊರೋಸಿಂಕ್‌ಗೆ ಎರಡು ದಾರಿ ಇರಬೇಕು: ನೇರ ಕೇಬಲ್ ಒಂದು, ನಿರ್ವಹಣೆಯ ಜಾಲ ಇನ್ನೊಂದು.

ಎಂಟಿಯು (ಒಂದು ಪ್ಯಾಕೆಟಿನ ಗರಿಷ್ಠ ಗಾತ್ರ) 9000 ಬೈಟ್ ಇಟ್ಟರೆ ಸ್ವಿಚ್, ಸರ್ವರ್, ಕ್ಲೈಂಟ್ ಎಲ್ಲ ಕಡೆಯೂ ಇಡಿ. ಆಮೇಲೆ ಪ್ಯಾಕೆಟ್ ಒಡೆಯದಂತೆ ಸೂಚಿಸಿ 8972 ಬೈಟಿನ ಪಿಂಗ್ ಕಳಿಸಿ ನೋಡಿ. 9000ದಲ್ಲಿ 20 ಬೈಟ್ ಐಪಿ ಹೆಡರ್‌ಗೆ, 8 ಬೈಟ್ ಐಸಿಎಂಪಿಗೆ ಹೋಗುತ್ತದೆ. ಒಂದು ಕಡೆ ತಪ್ಪಿದ್ದರೂ ಲಾಗಿನ್ ಸರಾಗವಾಗಿ ಆಗುತ್ತದೆ, ಡಿಸ್ಕೂ ಕಾಣುತ್ತದೆ. ದೊಡ್ಡ ಫೈಲ್ ಬರೆಯಲು ಹೊರಟಾಗ ಮಾತ್ರ ಎಲ್ಲ ಸ್ತಬ್ಧ.

ಡಿಆರ್‌ಬಿಡಿಗೆ ಪ್ರೋಟೋಕಾಲ್ ಸಿ ಒಂದೇ ಸರಿ. ಎರಡೂ ಕಡೆ ಡಿಸ್ಕಿಗೆ ಬಿದ್ದ ಮೇಲೆಯೇ ಅದು ಬರಹವನ್ನು ಒಪ್ಪುತ್ತದೆ. ಫೆನ್ಸಿಂಗ್ (ಉತ್ತರ ಕೊಡದ ಸರ್ವರನ್ನು ಡಿಸ್ಕಿನಿಂದ ದೂರವಿಡುವ) ನೀತಿಯನ್ನು ರಿಸೋರ್ಸ್-ಅಂಡ್-ಸ್ಟೋನಿತ್ ಎಂದು ಇಟ್ಟು, ಪೇಸ್‌ಮೇಕರ್‌ಗೆ ತಿಳಿಸುವ ಹ್ಯಾಂಡ್ಲರ್ ಜೋಡಿಸಿ. ಮೊದಲ ಸಿಂಕ್‌ಗೆ ತಾಳ್ಮೆ ಬೇಕು. 2 ಟಿಬಿಗೆ ಸೆಕೆಂಡಿಗೆ 500 ಎಂಬಿ ಸಿಕ್ಕರೆ ಸುಮಾರು 67 ನಿಮಿಷ, 1 ಗಿಗಾಬಿಟ್ ಕೇಬಲ್ ಆದರೆ 5 ಗಂಟೆಯಷ್ಟು.

ಟಾರ್ಗೆಟ್

ಎಲ್‌ಐಒದಲ್ಲಿ ಬ್ಲಾಕ್ ಬ್ಯಾಕ್‌ಸ್ಟೋರ್ (ಡಿಸ್ಕನ್ನು ನೇರವಾಗಿ ಕೊಡುವ ಬಗೆ) ಬಳಸಿ. ಇನ್ನೊಂದು ಬಗೆಯಾದ ಫೈಲ್‌ಐಒ ರೈಟ್‌ಬ್ಯಾಕ್‌ನಲ್ಲಿದ್ದರೆ ಬರಹ ಸರ್ವರ್‌ನ ಮೆಮೊರಿಯಲ್ಲೇ ಉಳಿದಿರುವಾಗ ಕ್ಲೈಂಟ್‌ಗೆ "ಆಯಿತು" ಎಂಬ ಉತ್ತರ ಹೋಗಿರುತ್ತದೆ. ಆ ಗಳಿಗೆಯಲ್ಲಿ ಸರ್ವರ್ ಬಿದ್ದರೆ ಡಿಆರ್‌ಬಿಡಿಗೆ ತಲುಪದ ಆ ದತ್ತಾಂಶ ಹೋದಂತೆಯೇ.

ಡಿಸ್ಕಿನ ಸೀರಿಯಲ್ ನಂಬರ್ ಎರಡೂ ಸರ್ವರ್‌ಗಳಲ್ಲಿ ಅಕ್ಷರಶಃ ಒಂದೇ ಇರಬೇಕು. ಬಿಟ್ಟರೆ ಎಲ್‌ಐಒ ತಾನೇ ಒಂದನ್ನು ಹುಟ್ಟಿಸಿಕೊಳ್ಳುತ್ತದೆ, ಪಾಳಿ ಬದಲಾದಾಗ ಕ್ಲೈಂಟ್ ಅದನ್ನು ಬೇರೆ ಡಿಸ್ಕ್ ಎಂದೇ ತಿಳಿಯುತ್ತದೆ. ಬೂಟ್ ಆಗುವಾಗ ಟಾರ್ಗೆಟ್ ಸರ್ವಿಸ್ ತಾನಾಗಿ ಏಳದಂತೆ ನಿಲ್ಲಿಸಿ, ಅದನ್ನು ಎಬ್ಬಿಸುವುದು ಪೇಸ್‌ಮೇಕರ್‌ನ ಹಕ್ಕು. ಗೇಟ್‌ವೇಯ ಎಲ್‌ವಿಎಂ (ಡಿಸ್ಕನ್ನು ವಾಲ್ಯೂಮ್‌ಗಳಾಗಿ ಹಂಚುವ ತಂತ್ರಾಂಶ) ಫಿಲ್ಟರ್‌ನಲ್ಲಿ ಡಿಆರ್‌ಬಿಡಿ ಡಿಸ್ಕನ್ನೂ ಅದರ ಕೆಳಗಿನ ಡಿಸ್ಕನ್ನೂ ಹೊರಗಿಡಿ. ಇಲ್ಲವಾದರೆ ಕ್ಲೈಂಟ್ ಅದರೊಳಗೆ ಮಾಡಿಕೊಂಡ ವಾಲ್ಯೂಮ್‌ಗಳನ್ನು ಗೇಟ್‌ವೇ ತನ್ನದೆಂದು ಹಿಡಿದುಕೊಳ್ಳುತ್ತದೆ.

ಪೇಸ್‌ಮೇಕರ್‌ನಲ್ಲಿ ಏಳುವ ಕ್ರಮ: ಐಸ್ಕಸಿಯ 3260ನೇ ಪೋರ್ಟ್ ಮುಚ್ಚು, ಡಿಆರ್‌ಬಿಡಿಯನ್ನು ಪ್ರೈಮರಿ ಮಾಡು, ಎರಡು ವರ್ಚುವಲ್ ಐಪಿ (ದುಡಿಯುವ ಸರ್ವರ್ ಜೊತೆ ಸಾಗುವ ವಿಳಾಸ) ಏರಿಸು, ಟಾರ್ಗೆಟ್ ಎಬ್ಬಿಸು, ಲನ್ (ಕ್ಲೈಂಟ್‌ಗೆ ಕಾಣುವ ಡಿಸ್ಕ್) ಜೋಡಿಸು, ಕಡೆಗೆ ಪೋರ್ಟ್ ತೆರೆ. ಇಳಿಯುವಾಗ ಇದರ ತಿರುಗುಮುರುಗು. ಐಪಿ ಬಂದು ಟಾರ್ಗೆಟ್ ಇನ್ನೂ ಏಳದಿರುವ ಆ ಒಂದೆರಡು ಸೆಕೆಂಡಿನಲ್ಲಿ ಕ್ಲೈಂಟ್ ಬಾಗಿಲು ತಟ್ಟಿದರೆ ಸಂಪರ್ಕ ನಿರಾಕರಿಸುವ ಉತ್ತರ ಹೋಗುತ್ತದೆ, ಕೆಲವು ಕ್ಲೈಂಟ್‌ಗಳು ಅಲ್ಲಿಗೇ ಕೈಬಿಡುತ್ತವೆ. ಪೋರ್ಟ್ ಮುಚ್ಚಿದ್ದರೆ ಉತ್ತರವೇ ಹೋಗುವುದಿಲ್ಲ, ಟಿಸಿಪಿ ಮತ್ತೆ ಮತ್ತೆ ಯತ್ನಿಸುತ್ತದೆ.

ಫೆನ್ಸಿಂಗ್

ಇಡೀ ಜೋಡಣೆಯ ಪ್ರಾಣ ಇಲ್ಲಿದೆ. ಉತ್ತರ ಕೊಡದ ಸರ್ವರ್ ಸತ್ತಿದೆಯೋ, ಬರೀ ಕೇಬಲ್ ತಪ್ಪಿದೆಯೋ ಹೊರಗಿನಿಂದ ಗೊತ್ತಾಗುವುದಿಲ್ಲ. ಅದಕ್ಕೇ ಅದರ ಕರೆಂಟನ್ನು ಕಡಿದು, ಸತ್ತಿದೆ ಎಂದು ಖಾತ್ರಿಯಾದ ಮೇಲೆ ಮಾತ್ರ ಇನ್ನೊಂದು ಮುಂದೆ ಬರಬೇಕು. ತೊಂದರೆ ಕೊಡುತ್ತದೆ ಎಂದು ಸ್ಟೋನಿತ್ (ಹೀಗೆ ಕರೆಂಟ್ ಕಡಿಯುವ ಪೇಸ್‌ಮೇಕರ್ ವ್ಯವಸ್ಥೆ) ಬಂದ್ ಮಾಡಿಡುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ.

ಐಪಿಎಂಐ ಒಂದನ್ನೇ ನಂಬಿದರೆ ನಮ್ಮ ಕಡೆ ಸಿಕ್ಕಿಬೀಳುವುದು ಹೀಗೆ: ಸರ್ವರ್‌ಗೆ ಕರೆಂಟ್ ಪೂರ್ತಿ ಹೋದರೆ ಅದರ ಐಪಿಎಂಐ ಕೂಡ ಸಾಯುತ್ತದೆ. ಉಳಿದ ಗೇಟ್‌ವೇ "ಆರಿಸು" ಎಂದು ಕೇಳುತ್ತದೆ, ಉತ್ತರವಿಲ್ಲ, ಖಾತ್ರಿಯಾಗಲಿಲ್ಲವೆಂದು ಕಾಯುತ್ತಲೇ ಕೂರುತ್ತದೆ. ಒಳ್ಳೆಯ ಸರ್ವರ್ ಇದ್ದೂ ಸ್ಟೋರೇಜ್ ಬಂದ್. ಹಾಗಾಗಿ ಮೊದಲ ಹಂತ ಐಪಿಎಂಐ, ಎರಡನೇ ಹಂತ ಪಿಡಿಯು. ಎರಡನೇ ಹಂತದಲ್ಲಿ ಎರಡೂ ಪಿಡಿಯುಗಳ ಪ್ಲಗ್ ಒಟ್ಟಿಗೇ ಇರಬೇಕು. ಬೇರೆ ಬೇರೆ ಹಂತ ಮಾಡಿದರೆ ಒಂದು ಪ್ಲಗ್ ಆರಿದ ಕೂಡಲೇ ಪೇಸ್‌ಮೇಕರ್ ಕೆಲಸ ಆಯಿತೆಂದುಕೊಳ್ಳುತ್ತದೆ, ಸರ್ವರ್ ಮಾತ್ರ ಇನ್ನೊಂದು ಸಪ್ಲೈ ಮೇಲೆ ಓಡುತ್ತಿರುತ್ತದೆ.

ನಡುವಿನ ಸಂಪರ್ಕ ಕಡಿದಾಗ ಇಬ್ಬರೂ ಒಬ್ಬರನ್ನೊಬ್ಬರು ಆರಿಸಿಬಿಡುವುದೂ ಉಂಟು. ಒಂದು ಸರ್ವರ್ ವಿರುದ್ಧದ ಫೆನ್ಸಿಂಗ್‌ಗೆ ಮಾತ್ರ 10 ಸೆಕೆಂಡ್ ವಿಳಂಬ ಇಡಿ, ಅದು ಉಳಿಯುತ್ತದೆ. ಮೂರನೇ ಯಂತ್ರದಲ್ಲಿ ಮತ ಕೊಡುವ ಕ್ಯೂನೆಟ್‌ಡಿ ಓಡಿಸಿ, 5403ನೇ ಟಿಸಿಪಿ ಪೋರ್ಟ್ ತೆರೆದಿಡಿ.

ಕ್ಲೈಂಟ್ ಕಡೆ

ಲಿನಕ್ಸ್‌ನ ಐಸ್ಕಸಿಯಲ್ಲಿ ರಿಪ್ಲೇಸ್‌ಮೆಂಟ್ ಟೈಮ್‌ಔಟ್ (ಕಡಿದ ಸಂಪರ್ಕ ಮರಳಲೆಂದು ಕಾಯುವ ಹೊತ್ತು) ಮೊದಲಿಗೆ 120 ಸೆಕೆಂಡ್ ಇರುತ್ತದೆ. ಎರಡು ವರ್ಚುವಲ್ ಐಪಿಗಳ ಮೇಲೆ ಮಲ್ಟಿಪಾತ್ ಇರುವುದರಿಂದ ಇದನ್ನು 10ಕ್ಕೆ ಇಳಿಸಿ, ಸ್ವಿಚ್ ಹೋದರೆ ಬೇಗ ಇನ್ನೊಂದು ದಾರಿ ಹಿಡಿಯಲಿ. ಎರಡೂ ದಾರಿ ಒಟ್ಟಿಗೆ ಹೋದಾಗ ಕಾಯುವ ಹೊಣೆ ಮಲ್ಟಿಪಾತ್‌ಗೆ: 5 ಸೆಕೆಂಡಿಗೊಮ್ಮೆ ತಪಾಸಣೆ, 24 ಸಲ ಯತ್ನ, ಅಲ್ಲಿಗೆ 120 ಸೆಕೆಂಡ್. ವಿಂಡೋಸ್‌ನಲ್ಲಿ ಡಿಸ್ಕ್ ಟೈಮ್‌ಔಟ್ 60ರಿಂದ 120ಕ್ಕೆ ಏರಿಸಿ. ಮೌಂಟ್ ಸಾಲಿನಲ್ಲಿ ನೆಟ್‌ಡೆವ್ ಆಯ್ಕೆ ಇರಲೇಬೇಕು, ಇಲ್ಲದಿದ್ದರೆ ನೆಟ್‌ವರ್ಕ್ ಏಳುವ ಮೊದಲೇ ಮೌಂಟ್ ಮಾಡಲು ಹೋಗಿ ಬೂಟ್ ನಿಲ್ಲುತ್ತದೆ.

ಕಿತ್ತು ನೋಡುವುದು

ಆದೇಶ ಕೊಟ್ಟು ಪಾಳಿ ಬದಲಿಸಿ ನೋಡುವುದು ಪರೀಕ್ಷೆಯಲ್ಲ. ಕ್ಲೈಂಟ್‌ನಲ್ಲಿ ಸೆಕೆಂಡಿಗೊಂದು ಸಾಲು ಸಮಯದೊಂದಿಗೆ ಬರೆದು, ಪ್ರತಿ ಸಲ ಸಿಂಕ್ ಮಾಡುವ ಸ್ಕ್ರಿಪ್ಟ್ ಓಡಿಸಿ. ಅದು ಓಡುತ್ತಿರುವಾಗಲೇ ಒಂದು ಸ್ವಿಚ್ ಆರಿಸಿ. ಮತ್ತೊಮ್ಮೆ ಡಿಆರ್‌ಬಿಡಿ ಕೇಬಲ್ ಕೀಳಿ. ಇನ್ನೊಮ್ಮೆ ಕರ್ನಲನ್ನೇ ಕ್ರ್ಯಾಶ್ ಮಾಡಿ. ಕಡೆಗೆ ದುಡಿಯುತ್ತಿರುವ ಸರ್ವರ್‌ನ ಹಿಂದಿನಿಂದ ಎರಡೂ ಪವರ್ ಕಾರ್ಡ್ ಒಟ್ಟಿಗೆ ಎಳೆಯಿರಿ. ಐಪಿಎಂಐ ಹಂತ ಸೋಲಬೇಕು, ಪಿಡಿಯು ಹಂತ ಗೆಲ್ಲಬೇಕು, ಸಾಲುಗಳ ನಡುವಿನ ಅಂತರ 60 ಸೆಕೆಂಡಿನೊಳಗೆ ಇರಬೇಕು, "ಬರೆದಾಯಿತು" ಎಂದು ಬಂದ ಒಂದು ಸಾಲೂ ಕಾಣೆಯಾಗಬಾರದು. ಪ್ರತಿ ಪರೀಕ್ಷೆಯ ನಂತರ ಎರಡೂ ಡಿಸ್ಕ್ ಅಪ್‌ಟುಡೇಟ್ ಎಂದು ತೋರಿಸುವವರೆಗೆ ಮುಂದಿನದಕ್ಕೆ ಕೈಹಾಕಬೇಡಿ.

ಮರಳಿ ಬಂದ ಸರ್ವರ್ ತಾನಾಗಿ ಪಾಳಿ ಕಿತ್ತುಕೊಳ್ಳದಂತೆ ಪೇಸ್‌ಮೇಕರ್‌ನ ಸ್ಟಿಕಿನೆಸ್ (ಇದ್ದಲ್ಲೇ ಉಳಿಯುವ ಒಲವು) 200 ಇಡಿ. ಬ್ಯಾಟರಿ ಮುಗಿಯುವ ದೀರ್ಘ ಕಡಿತಕ್ಕೆ ಮುಚ್ಚುವ ಕ್ರಮ: ಮೊದಲು ಕ್ಲೈಂಟ್, ನಂತರ ಕಾಯುತ್ತಿರುವ ಗೇಟ್‌ವೇ, ಕೊನೆಗೆ ದುಡಿಯುತ್ತಿರುವುದು. ಎಬ್ಬಿಸುವಾಗ ಸ್ವಿಚ್ ಮತ್ತು ಪಿಡಿಯು ಪೂರ್ತಿ ಏಳುವವರೆಗೆ ಎರಡು-ಮೂರು ನಿಮಿಷ ಬಿಟ್ಟು, ಕೊನೆಗೆ ಮುಚ್ಚಿದ ಗೇಟ್‌ವೇಯನ್ನೇ ಮೊದಲು ಚಾಲೂ ಮಾಡಿ. ತೀರಾ ಇತ್ತೀಚಿನ ಪ್ರತಿ ಇರುವುದು ಅದರಲ್ಲೇ.