ಎಡಗಡೆ ಗಾದೆ, ಬಲಗಡೆ ಹಕ್ಕಿ

ಮೂರು ಮುಂಗಾರು ಕಂಡ ನನ್ನ ಖಾತೆ ಪುಸ್ತಕ ಮೊನ್ನೆ ತುಂಬಿತು. ಕೆಂಪು ಬಟ್ಟೆಯ ರಟ್ಟು, ಇನ್ನೂರು ಹಾಳೆ. ಕೊಪ್ಪಳದ ಬಜಾರಿನಲ್ಲಿ ದೀಪಾವಳಿಗೆ ಅಂಗಡಿಯವರು ಒಯ್ಯುತ್ತಾರಲ್ಲ, ಅದೇ. ನಾನು ಅದರಲ್ಲಿ ಉದ್ರಿ ಲೆಕ್ಕ ಬರೆಯಲಿಲ್ಲ. ಹೊಲದಲ್ಲಿ ಕಂಡ ಹಕ್ಕಿ, ಇರುವೆ, ತೋಳ ಬರೆದೆ. ಅವುಗಳ ಬಗ್ಗೆ ನಮ್ಮ ಮಂದಿ ಹೇಳುವ ಗಾದೆ, ಶಕುನಗಳನ್ನೂ ಬರೆದೆ. ಇದು ನಡೆಯುವುದಿಲ್ಲ ಎಂದವರೇ ಜಾಸ್ತಿ. ಪಕ್ಕದೂರಿನ ಮಾಸ್ತರು ಇಪ್ಪತ್ತು ವರ್ಷದಿಂದ ಹಕ್ಕಿ ನೋಡುವವರು. "ನೋಡಿದ್ದು ಬರೀ ತಮ್ಮಾ, ಕೇಳಿದ್ದು ಯಾಕ ಬರೀತೀ? ಎರಡೂ ಕೆಡತಾವು" ಎಂದರು. ನಮ್ಮ ಕಾಕಾ ಉಲ್ಟಾ ಹೇಳಿದರು. "ಹಿರೇರ ಮಾತಿಗೆ ಪರೀಕ್ಷೆ ಇಡಾಕ ಹೊಂಟೀಯೇನು?" ಈಗ ಮಾಸ್ತರು ತಮ್ಮ ಎಂಟನೇ ತರಗತಿ ಮಕ್ಕಳಿಗೆ ನನ್ನ ಹಾಗೇ ಪುಸ್ತಕ ಹಾಕಿಸಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನೋಟ್‌ಬುಕ್ ಇಡುವವರಿಗೆ ಮೂಲ ಪಾಠ ಬೇಡ. ಹೊತ್ತು, ಜಾಗ, ಗಾಳಿ ಬರೆಯಬೇಕು ಅನ್ನೋದು ನಿಮಗೆ ಗೊತ್ತೇ ಇದೆ. ನಾನು ಎಲ್ಲೆಲ್ಲಿ ಎಡವಿದೆ ಅನ್ನೋದನ್ನು ಹೇಳುತ್ತೇನೆ.

2020ರಲ್ಲಿ ಶುರು ಮಾಡಿದಾಗ ಚಿತ್ರ ಬಿಡಿಸಲು ಹೋದೆ. ಫೋನಿನಲ್ಲೇ ಕಲಿಸುವ ಕ್ಲಾಸಿಗೆ ಎರಡೂವರೆ ಸಾವಿರ, ಬಣ್ಣ, ಬ್ರಷ್ಷಿಗೆ ಒಂದು ಸಾವಿರದ ಮೇಲೆ. ನಾನು ಕೊಕ್ಕು ಬಿಡಿಸುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತಿತ್ತು. ಮರುವರ್ಷ ಫೋಟೋ. ಮೂರ್ನಾಲ್ಕು ಸಾವಿರ ತೆಗೆದಿರಬೇಕು. ಗಂಗಾವತಿ ಕಡೆ ಎಡದಂಡೆ ಕಾಲುವೆಯಲ್ಲಿ ಫೋನು ಬಿತ್ತು. ರಿಪೇರಿಗೆ ಮೂರು ಸಾವಿರ ಚಿಲ್ಲರೆ ಹೋಯಿತು, ಫೋಟೋ ಒಂದೂ ಸಿಗಲಿಲ್ಲ. ಆ ರಾತ್ರಿ ಕೂತು, ತೆಗೆದದ್ದನ್ನೆಲ್ಲ ನೆನಪಿನಿಂದ ಬರೆಯೋಣ ಅಂದುಕೊಂಡೆ. ಎರಡು ಪುಟ ಕೂಡ ತುಂಬಲಿಲ್ಲ.

ಮೂರನೇ ವರ್ಷದ ತಪ್ಪು ಎಲ್ಲಕ್ಕಿಂತ ದೊಡ್ಡದು. ಪ್ರತಿ ಪುಟದ ಕೆಳಗೆ 'ಇಂದಿನ ಪಾಠ' ಅಂತ ಬರೆಯುತ್ತಿದ್ದೆ. ಇರುವೆ ಕಂಡರೆ ದುಡಿಮೆ, ಆಮೆ ಕಂಡರೆ ತಾಳ್ಮೆ, ಗೂಬೆ ಕಂಡರೆ ಎಚ್ಚರ. ಎರಡು ತಿಂಗಳಾದ ಮೇಲೆ ತಿರುವಿ ನೋಡಿದರೆ ಎಲ್ಲ ಪುಟವೂ ಒಂದೇ ಥರ. ಪಾಠವನ್ನು ನಾನು ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆ. ಹೊಲದಲ್ಲಿ ಅದಕ್ಕೊಂದು ಪ್ರಾಣಿ ಹುಡುಕಿ ಬರುತ್ತಿದ್ದೆ, ಅಷ್ಟೇ.

ಆಮೇಲೆ 2023 ಬಂತು. ಟಿಟ್ಟಿಭ ಹಕ್ಕಿ ಎತ್ತರದಲ್ಲಿ ಮೊಟ್ಟೆ ಇಟ್ಟರೆ ಆ ವರ್ಷ ಮಳೆ ಜೋರು, ತಗ್ಗಿನಲ್ಲಿ ಇಟ್ಟರೆ ಬರ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಆ ವರ್ಷ ನಮ್ಮ ಹೊಲದ ಟಿಟ್ಟಿಭ ಕೃಷಿ ಹೊಂಡದ ಮಣ್ಣು ಸುರಿದ ದಿಬ್ಬದ ಮೇಲೆ ನಾಲ್ಕು ಮೊಟ್ಟೆ ಇಟ್ಟಿತು. ಇಡೀ ಹೊಲದಲ್ಲಿ ಅದೇ ಎತ್ತರದ ಜಾಗ. ನಾನು ನಂಬಿದೆ. ರೋಹಿಣಿ ಮಳೆಯಲ್ಲಿ ಬಿದ್ದ ಒಂದು ಹದಕ್ಕೇ ಮೂರು ಎಕರೆ ಹೆಸರು ಬಿತ್ತಿದೆ. ಮೃಗಶಿರ ಒಣಗಿಹೋಯಿತು. ಮೊಳಕೆ ಎರಡೆಲೆ ಬಿಟ್ಟು ಅಲ್ಲೇ ಸುಟ್ಟಿತು. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಆಳು ಸೇರಿ ಇಪ್ಪತ್ತು ಇಪ್ಪತ್ತೆರಡು ಸಾವಿರ ಮಣ್ಣುಪಾಲು. ಆ ವರ್ಷದ ಬರ ಯಾರಿಗೂ ಮರೆತಿಲ್ಲ ಬಿಡಿ.

ಆ ನಷ್ಟದ ಸಿಟ್ಟಿನಲ್ಲೇ ಈ ಪದ್ಧತಿ ಹುಟ್ಟಿತು. ಪುಸ್ತಕ ತೆರೆದರೆ ಎಡಗಡೆ ಪುಟಕ್ಕೆ ಮಾತು. ಯಾರು ಹೇಳಿದರು, ಯಾವಾಗ, ಅವರ ಬಾಯಿಂದ ಬಂದ ಹಾಗೇ. ಬಲಗಡೆಗೆ ನಾನೇ ಕಂಡದ್ದು, ಪೆನ್ಸಿಲಿನಲ್ಲಿ. ಬೆವರಿಗೆ ಪೆನ್ನು ಕಲೆಸುತ್ತದೆ. ಬಲಗಡೆ ಪುಟದ ಕೊನೆಗೆ ನಾಲ್ಕು ಬೆರಳು ಜಾಗ ಖಾಲಿ. ಆ ಖಾಲಿ ಜಾಗವನ್ನು ಒಂದು ವರ್ಷ ಮುಟ್ಟುವ ಹಾಗಿಲ್ಲ. ಇದೇ ನನ್ನ ಕಟ್ಟುನಿಟ್ಟು.

ತಾರೀಖಿನ ಪ್ರಕಾರವೂ ಬರೆಯುವುದಿಲ್ಲ. ಮಳೆ ನಕ್ಷತ್ರದ ಪ್ರಕಾರ ಬರೆಯುತ್ತೇನೆ, ಅಂದರೆ ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೋ ಆ ಹೆಸರಿನ ಪುಟಕ್ಕೆ. ಇಪ್ಪತ್ತೇಳು ನಕ್ಷತ್ರ, ಒಂದೊಂದಕ್ಕೆ ಏಳು ಹಾಳೆ, ಇನ್ನೂರು ಹಾಳೆಗೆ ಸರಿಹೋಗುತ್ತದೆ. ಆರಿದ್ರಾ ಮಳೆ ಹೊಕ್ಕಾಗ ಆರಿದ್ರಾ ಪುಟ ತೆರೆಯಬೇಕು. ಹೋದ ವರ್ಷ ಅದೇ ಹದಿಮೂರು ಹದಿನಾಲ್ಕು ದಿನಗಳಲ್ಲಿ ಕಂಡದ್ದು ಮೇಲೆಯೇ ಕಾಣುತ್ತದೆ. ಅದನ್ನು ಓದಿ, ಈ ವರ್ಷದ್ದನ್ನು ಕೆಳಗೆ ಬರೆದ ಮೇಲಷ್ಟೇ ಖಾಲಿ ಜಾಗಕ್ಕೆ ಕೈ. ಅವಸರದ ಪಾಠಕ್ಕೆ ಇದಕ್ಕಿಂತ ಒಳ್ಳೆ ಮದ್ದು ನನಗೆ ಸಿಕ್ಕಿಲ್ಲ.

ಹೀಗೆ ಬರೆದಾಗಲೇ ಟಿಟ್ಟಿಭದ ಗುಟ್ಟು ಬಿಚ್ಚಿತು. 2024ರಲ್ಲಿ ಮಳೆ ಚೆನ್ನಾಗಿ ಆಯಿತು. ಹಕ್ಕಿ ಅದೇ ದಿಬ್ಬದ ಮೇಲೆ ಇಟ್ಟಿತು. 2025ರಲ್ಲೂ ಅಲ್ಲೇ. ಹೊಂಡ ತೋಡಿದಾಗ ಮೇಲೆ ಬಂದದ್ದು ಗರಸು, ಅಂದರೆ ಸಣ್ಣ ಕಲ್ಲಿನ ಮಣ್ಣು, ಅದರ ಮೊಟ್ಟೆಯ ಬಣ್ಣದ್ದೇ ಕಲ್ಲು. ಮೂರು ಹೆಜ್ಜೆ ದೂರ ನಿಂತರೂ ಮೊಟ್ಟೆ ಯಾವುದು ಕಲ್ಲು ಯಾವುದು ತಿಳಿಯುವುದಿಲ್ಲ. ಹಕ್ಕಿ ಹುಡುಕಿದ್ದು ಎತ್ತರವನ್ನಲ್ಲ, ಗರಸನ್ನು. 2023ರಲ್ಲಿ ಬಲಗಡೆ ಪುಟ ಇದ್ದಿದ್ದರೆ ಇಪ್ಪತ್ತು ಸಾವಿರ ಉಳಿಯುತ್ತಿತ್ತು.

ಅದೇ ದಿಬ್ಬದ ಹತ್ತಿರ ಇನ್ನೊಂದು ಕಂಡೆ. 2024ರ ಮೇ, ಕೃತ್ತಿಕಾ ಪುಟ. ನಡು ಮಧ್ಯಾಹ್ನ, ಕಲ್ಲು ಮುಟ್ಟಿದರೆ ಕೈ ಸುಡುವ ಬಿಸಿಲು. ಹಕ್ಕಿ ಮೊಟ್ಟೆ ಬಿಟ್ಟು ಎದ್ದು ಹೋಯಿತು. ಬಿಸಿಲಿಗೆ ಸೋತು ಬಿಟ್ಟಿತು ಅಂದುಕೊಂಡೆ. ಅದು ದನದ ತೊಟ್ಟಿ ತುಳುಕಿ ನಿಂತ ನೀರಿಗೆ ಹೋಗಿ, ಕಾಲು ಮಡಚಿ, ಹೊಟ್ಟೆಯನ್ನು ನೀರಿಗೆ ಅದ್ದಿತು. ಎದ್ದಿತು, ಮತ್ತೆ ಅದ್ದಿತು. ತೊಟ್ಟಿಕ್ಕುವ ಹೊಟ್ಟೆ ಹೊತ್ತು ಓಡುತ್ತಾ ಬಂದು ಮೊಟ್ಟೆಯ ಮೇಲೆ ಕೂತಿತು. ಪುಕ್ಕದ ನೀರಿನಿಂದ ಮೊಟ್ಟೆ ತಂಪು ಮಾಡುತ್ತಿತ್ತು. ಹನ್ನೆರಡರಿಂದ ಮೂರರವರೆಗೆ ಎಂಟೋ ಒಂಬತ್ತೋ ಸಲ ಎಣಿಸಿದೆ. ಗಂಡು ಹೆಣ್ಣು ಸರದಿ ಬದಲಿಸುತ್ತಿದ್ದವು.

ಇದನ್ನು ಹತ್ತು ಹನ್ನೆರಡು ಅಡಿ ದೂರದಿಂದ ನೋಡಿದ್ದೇನೆ. ಟಿಟ್ಟಿಭ ಅಷ್ಟು ಹತ್ತಿರ ಬಿಡುವುದಿಲ್ಲ, ಊರೆಲ್ಲ ಕೇಳುವ ಹಾಗೆ ಕೂಗುತ್ತದೆ ಅಂತ ನಿಮಗೆ ಗೊತ್ತು. ನನ್ನನ್ನು ಯಾಕೆ ಬಿಟ್ಟಿತು ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಹೋಗಿ ಕೂತರೆ ಮೊಟ್ಟೆ ಉಳಿಯುವುದಿಲ್ಲ. ಗೋಣಿಚೀಲ ಮತ್ತು ಹದಿನೈದು ದಿನದ ಸಮಯ ಬೇಕು, ಇಷ್ಟು ಸಾಕು.

ಆ ಪುಟದ ಖಾಲಿ ಜಾಗ ಒಂದು ವರ್ಷ ಹಾಗೇ ಇತ್ತು. ನನ್ನ ತಮ್ಮ ದುಡಿಯಲು ಬೆಂಗಳೂರಿಗೆ ಹೋದವನು. ಅವ್ವ ಅಪ್ಪನನ್ನು ನನ್ನ ತಲೆಗೆ ಕಟ್ಟಿ ಹೋದ ಅಂತ ನನಗೆ ಹೊಟ್ಟೆಯುರಿ. ಎಂಟು ತಿಂಗಳು ಮಾತು ಬಿಟ್ಟಿದ್ದೆ. ಅಪ್ಪನ ಔಷಧಿ, ಮನೆ ಸಾಲದ ಕಂತು ಅವನೇ ತಿಂಗಳು ತಿಂಗಳು ಹಾಕುತ್ತಿದ್ದ. 2025ರ ಕೃತ್ತಿಕಾದಲ್ಲಿ ಪುಟ ತೆರೆದೆ. 'ಬಿಟ್ಟು ಹೋಯಿತು ಅಂದುಕೊಂಡೆ' ಅಂತ ನನ್ನದೇ ಅಕ್ಷರ. ಅಂದು ಸಂಜೆ ಫೋನ್ ಮಾಡಿದೆ. "ಯಣ್ಣಾ, ಊಟ ಆತೇನು?" ಅಂದ, ನಿನ್ನೆ ಮಾತಾಡಿದವನ ಹಾಗೆ. ಖಾಲಿ ಜಾಗದಲ್ಲಿ ತಮ್ಮನ ಹೆಸರು ಬರೆದೆ, ಬೇರೆ ಏನೂ ಬರೆಯಲಿಲ್ಲ.

ಕೆಂಬೂತದ ಪುಟ ಇನ್ನೊಂದು ಥರ. ಅವ್ವ ಅದಕ್ಕೆ ರತ್ನಪಕ್ಷಿ ಅನ್ನುತ್ತಾಳೆ. ಬೆಳಗ್ಗೆ ಬದುವಿನಲ್ಲಿ ಕಂಡರೆ ನಿಂತು ಕೈ ಮುಗಿಯುತ್ತಾಳೆ. ಗಾದೆಯಲ್ಲಿ ಅದೇ ಹಕ್ಕಿ ನವಿಲನ್ನು ಕಂಡು ಪುಕ್ಕ ಕೆದರಿದ ಕೆಂಬೂತ. ಒಂದೇ ಹಕ್ಕಿ ಅಂತ ನನಗೆ ಮೊದಲೇ ಗೊತ್ತಿತ್ತು. ಆದರೆ ಎರಡೂ ಮಾತು ಒಂದೇ ಎಡಪುಟದಲ್ಲಿ ಮೇಲೆ ಕೆಳಗೆ ಕೂತಾಗ ಕಣ್ಣಿಗೆ ಹೊಡೆಯಿತು. ಬಲಪುಟದಲ್ಲಿ ಅದು ನವಿಲಿನ ತಂಟೆಗೆ ಒಂದು ದಿನವೂ ಹೋಗಿಲ್ಲ. ಬೇಲಿ ಬುಡದಲ್ಲಿ ನಡೆದಾಡಿ ಹುಳ, ಓತಿಕ್ಯಾತ ಹಿಡಿದು ತಿಂದಿದೆ, ಅಷ್ಟೇ. ನಮ್ಮೂರಲ್ಲಿ ಒಬ್ಬ ಆಳಿದ್ದಾನೆ. ಒಬ್ಬರ ಹೊಲದಲ್ಲಿ ಅವನು ಸೋಮಾರಿ, ಇನ್ನೊಬ್ಬರ ಹೊಲದಲ್ಲಿ ನಿಧಾನಸ್ಥ. ಮಂದಿ ಮಾತು ಕೇಳಿ ಎರಡು ಹಂಗಾಮು ಅವನನ್ನು ಕರೆದಿರಲಿಲ್ಲ. ಕರೆದು ನಾನೇ ಬದುವಿನ ಮೇಲೆ ನಿಂತು ನೋಡಿದೆ. ತಡವಾಗಿ ಬಂದ. ಆದರೆ ಅವನು ಕಳೆ ತೆಗೆದ ಸಾಲಿನಲ್ಲಿ ಒಂದು ಕರಿಕೆ ಬೇರೂ ಉಳಿಯಲಿಲ್ಲ. ಶೇಂಗಾಕ್ಕೆ ಎರಡನೇ ಸಲ ಕಳೆ ತೆಗೆಸುವ ಕೂಲಿ ಮೂರು ಸಾವಿರದಷ್ಟು ಉಳಿಯಿತು.

ಪಕ್ಕದ ಪ್ರಯೋಗಗಳೂ ಇವೆ. ಪಂಚಾಂಗದಲ್ಲಿ ಪ್ರತಿ ಮಳೆಗೂ ಒಂದು ವಾಹನ ಇರುತ್ತದಲ್ಲ: ಆನೆ, ಕೋಣ, ಕಪ್ಪೆ ಏರಿ ಬಂದರೆ ಜೋರು, ಕತ್ತೆ, ಕುರಿ, ನರಿ ಏರಿ ಬಂದರೆ ಕಡಿಮೆ. ಸೂರ್ಯನ ನಕ್ಷತ್ರದಿಂದ ಚಂದ್ರನ ನಕ್ಷತ್ರಕ್ಕೆ ಎಣಿಸಿ ಒಂಬತ್ತರಿಂದ ಭಾಗಿಸಿ ಉಳಿದದ್ದರಿಂದ ಹೇಳುವ ಲೆಕ್ಕ ಅದು. ನೇರ ಗೋಡೆಯ ಡಬ್ಬಿ, ಅಳತೆ ಪಟ್ಟಿ ಇಟ್ಟು ಅಳೆದೆ. ರೋಹಿಣಿಯಿಂದ ವಿಶಾಖಾವರೆಗೆ ಹದಿಮೂರು ಮಳೆ, ಮೂರು ವರ್ಷಕ್ಕೆ 39. ಹೊಂದಿದ್ದು ಹದಿನೆಂಟರ ಆಸುಪಾಸು. ಅದನ್ನು ನಂಬಿ ಬಿತ್ತಬೇಡಿ. ಇರುವೆ ಮೊಟ್ಟೆ ಹೊತ್ತು ಮೇಲೆ ಹೊರಟರೆ ಮಳೆ ಅನ್ನೋದು ಮಾತ್ರ ಮೂರರಲ್ಲಿ ಎರಡು ಸಲ ನನಗೆ ಸರಿ ಬಂದಿದೆ.

ಕಾಗೆ ಒಂದಗುಳು ಕಂಡರೂ ಬಳಗ ಕರೆಯುತ್ತದೆ ಅನ್ನುತ್ತೇವೆ. ಮಾಳಿಗೆ ಮೇಲೆ ಮೂವತ್ತು ಸಲವಾದರೂ ಇಟ್ಟು ನೋಡಿದೆ. ರೊಟ್ಟಿಯ ಒಂದೇ ಚೂರಾದರೆ ಸದ್ದಿಲ್ಲದೆ ಒಯ್ದು ಒಣ ಕಸದಡಿ ಮುಚ್ಚಿಡುತ್ತದೆ. ಬುಟ್ಟಿ ಅನ್ನ ಸುರಿದರೆ ಕರೆಯುತ್ತದೆ. ಕಾಕಾನಿಗೆ ಈ ಪುಟ ಇನ್ನೂ ಹಿಡಿಸಿಲ್ಲ.

ಕರಡಿಗಾಗಿ ದರೋಜಿಗೆ ನಾಲ್ಕು ಸಲ ಹೋದೆ, ಪೆಟ್ರೋಲು, ಟಿಕೆಟ್ಟು ಸೇರಿ ಎರಡು ಸಾವಿರ ಆಗಿರಬೇಕು. 1994ರಲ್ಲಿ ಆದ ಕರಡಿಧಾಮ ಅದು. ಗೋಪುರದ ಮೇಲಿನಿಂದ, ಎರಡು ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿ ಬಂಡೆ ಇಳಿಯುವುದನ್ನು ನೋಡಿದೆ. ಮರಿಗಳು ಉಗುರಿನಿಂದ ಕೂದಲು ಬಿಗಿಯಾಗಿ ಹಿಡಿದಿದ್ದವು, ಅದು ಒಂದು ಸಲವೂ ಮೈ ಕೊಡವಲಿಲ್ಲ. ಎಡಪುಟಕ್ಕೆ 'ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ' ಅಂತ ಬರೆದಿದ್ದೆ. ಅದು ಕರಡಿಯೇ ಅಲ್ಲ, ಇಷ್ಟಲಿಂಗ ಇಡುವ ಕರಡಿಗೆ, ಮಾತಿನಲ್ಲಿ ಸವೆದು ಕರಡಿ ಆಗಿದೆ ಅಂತ ಮಾಸ್ತರು ಹೇಳಿದರು. ಪಾಪ, ಆ ಪ್ರಾಣಿ ಎಷ್ಟು ವರ್ಷದಿಂದ ಬೈಸಿಕೊಳ್ಳುತ್ತಿದೆ ನೋಡಿ. ಮೈಲಾರದ ಗೊರವಯ್ಯ ಅದೇ ಕರಡಿಯ ಕೂದಲಿನ ಟೋಪಿಯನ್ನು ತಲೆ ಮೇಲೆ ಇಟ್ಟುಕೊಳ್ಳುತ್ತಾರೆ.

ತೋಳದ ಪುಟ ನನಗೆ ಹೆಚ್ಚು ಪ್ರೀತಿಯದು. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಈಗ ತೋಳಧಾಮವೇ ಆಗಿದೆ. ನಾನು ನೋಡುವ ಜಾಗ ಬೇರೆ, ಅದನ್ನು ಹೆಂಡತಿಗೂ ಹೇಳಿಲ್ಲ. ಎಡಪುಟದಲ್ಲಿ 'ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು'. ಅದರ ಕೆಳಗೆ ಒಬ್ಬ ಕುರಿಗಾರ ಅಜ್ಜನ ಮಾತು: "ತೋಳ ಒಂದು ಮರಿ ಒಯ್ದರ ಅದರ ಪಾಲು ಅಂತ ಬಿಡ್ತೀವಿ ತಮ್ಮಾ. ನಾಯಿ ಒಯ್ದರ ಸಿಟ್ಟು ಬರತೈತಿ." ಹೋದ ವರ್ಷ ಹಟ್ಟಿಯೊಂದರಲ್ಲಿ ಐದು ಮರಿ ಸತ್ತವು. ತೋಳ ಅಂತ ಹುಯಿಲೆದ್ದಿತು, ಬಡಿಗೆ ಹಿಡಿದು ಹೊರಟರು. ನನ್ನ ಪುಸ್ತಕದಲ್ಲಿ ಆ ಮಳೆಯ ಪುಟ ತೆರೆದರೆ ಊರ ತಿಪ್ಪೆಯ ಆರು ನಾಯಿಗಳು ರಾತ್ರಿ ಆ ಕಡೆ ಹೋಗಿದ್ದು ಮೂರು ಸಲ ಬರೆದಿದ್ದೆ. ಅಜ್ಜನನ್ನು ಕರೆದುಕೊಂಡು ಹೋದೆ. ಒಂದೂ ಮರಿಯನ್ನು ಒಯ್ದಿರಲಿಲ್ಲ, ಸುಮ್ನೆ ಕಚ್ಚಿ ಕಚ್ಚಿ ಬಿಟ್ಟಿದ್ದವು. ಅಜ್ಜ ಒಂದೇ ನೋಟಕ್ಕೆ "ನಾಯಿ" ಅಂದ. ಬಡಿಗೆ ಕೆಳಗಿಟ್ಟರು. ಮಾಸ್ತರು ನನ್ನ ಪುಸ್ತಕವನ್ನು ಮೊದಲ ಸಲ ಕೈಗೆ ತೆಗೆದುಕೊಂಡು ಓದಿದ್ದು ಅವತ್ತು.

ಮೊದಲ ವರ್ಷಗಳಲ್ಲಿ ದುರ್ಬೀನು ಸೇರಿ ಹದಿನೈದು ಸಾವಿರ ಕಳೆದಿದ್ದೇನೆ. ಈಗ ವರ್ಷಕ್ಕೆ ಪೆನ್ಸಿಲು, ರಬ್ಬರು ಹಿಡಿದು ಇನ್ನೂರು ರೂಪಾಯಿ ದಾಟುವುದಿಲ್ಲ.

ಹೊಸ ಖಾತೆ ಪುಸ್ತಕ ತಂದು ನಕ್ಷತ್ರಗಳ ಹೆಸರು ಹಾಕಿದ್ದೇನೆ. ಕಾರಹುಣ್ಣಿಮೆಗೆ ತಮ್ಮ ಬರುತ್ತಾನಂತೆ. ಅವತ್ತಿನ ಎತ್ತಿನ ಓಟದಲ್ಲಿ ಕೆಂದ ಎತ್ತು ಮೊದಲು ಕರಿ (ಅಡ್ಡ ಕಟ್ಟಿದ ಹಗ್ಗ) ಹರಿದರೆ ಮುಂಗಾರಿ, ಬಿಳಿ ಎತ್ತು ಹರಿದರೆ ಹಿಂಗಾರಿ ಬೆಳೆ ಚೆನ್ನಾಗಿ ಬರುತ್ತದೆ ಅಂತ ಅಪ್ಪ ಹೇಳಿದ್ದನ್ನು ಎಡಪುಟಕ್ಕೆ ಬರೆದಿಟ್ಟಿದ್ದೇನೆ. ಬಲಪುಟಕ್ಕೆ ತಮ್ಮನೇ ಬರೆಯಲಿ ಅಂತ ಪೆನ್ಸಿಲು ಚೂಪು ಮಾಡಿ ಪುಟದ ನಡುವೆ ಇಟ್ಟಿದ್ದೇನೆ.