ನಡುವೆ ಬಿಟ್ಟೇಳುವವರಿಗೆ ಚೂರುಬಟ್ಟೆ ಕೌದಿ, ನಾಲ್ಕು ಕುಂಡ

ನನ್ನ ಗಂಡನಿಗೆ ಪಾರ್ಶ್ವವಾಯು ಆಗಿ 3 ವರ್ಷ ಆಯಿತು. ಬಲಗೈ, ಬಲಗಾಲಿಗೆ ಸ್ವಾಧೀನವಿಲ್ಲ. ಮಾತು ಹೊರಡುವುದಿಲ್ಲ. ಮೊದಲ ವರ್ಷ ನೋಡಲು ಬಂದವರೆಲ್ಲ ಹೊರಡುವಾಗ ಬಾಗಿಲ ಹತ್ತಿರ ನಿಂತು "ನಿನಗೋಸ್ಕರ ಸ್ವಲ್ಪ ಟೈಮ್ ಮಾಡ್ಕೋ" ಅಂದು ಹೋಗುತ್ತಿದ್ದರು. ಎಲ್ಲಿಂದ ಮಾಡಿಕೊಳ್ಳಲಿ? 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಮಧ್ಯೆ ಊಟ, ಮಾತ್ರೆ, ಬಟ್ಟೆ ಬದಲಾವಣೆ, ಅದರ ಮಧ್ಯೆ ಏನೂ ಕಾರಣವಿಲ್ಲದೆ ಹೆದರಿಕೆಯಾಗಿ ಹೋಗಿ ಉಸಿರಾಡುತ್ತಿದ್ದಾರಾ ಅಂತ ನೋಡಿ ಬರುವುದು. ನನ್ನ ಕೈಗೆ ಸಿಗುತ್ತಿದ್ದದ್ದು 10 ನಿಮಿಷ, 15 ನಿಮಿಷದ ತುಂಡುಗಳು ಮಾತ್ರ.

ಪುಸ್ತಕ ಹಿಡಿದೆ, ಒಂದೇ ಪುಟವನ್ನು ವಾರವಿಡೀ ಓದಿದೆ. ಉಲ್ಲನ್ ಹೆಣಿಗೆ ಹಿಡಿದೆ. ಅವರು ಕೆಮ್ಮಿದಾಗ ಎಸೆದು ಓಡಿ, ವಾಪಸ್ ಬರುವಷ್ಟರಲ್ಲಿ ಕಡ್ಡಿ ಜಾರಿ ಅರ್ಧ ಸಾಲು ಬಿಚ್ಚಿಹೋಗಿತ್ತು. ಚೂರುಬಟ್ಟೆ ಕೌದಿ ಹಾಗೆ ಕೈಕೊಡುವುದಿಲ್ಲ. ಸೂಜಿಯನ್ನು ಬಟ್ಟೆಗೆ ಚುಚ್ಚಿ ಎದ್ದು ಹೋದರೆ, ವಾರ ಬಿಟ್ಟು ಬಂದರೂ ಅದು ಇದ್ದಲ್ಲೇ ಇರುತ್ತದೆ. ಕುಂಡದ ಗಿಡವೂ ಹೆಚ್ಚುಕಡಿಮೆ ಅಷ್ಟೇ ತಾಳ್ಮೆಯದು. ನಾನು ದೊಡ್ಡ ಹೊಲಿಗೆಗಾರ್ತಿ ಅಲ್ಲ. ಆದರೆ ಯಾವ ಗಳಿಗೆಯಲ್ಲಾದರೂ ಎದ್ದು ಓಡಬೇಕಾದವರು ಈ ಎರಡು ಕೆಲಸವನ್ನು ಹೇಗೆ ಜೋಡಿಸಿಕೊಳ್ಳಬೇಕು ಅನ್ನುವುದು ತಪ್ಪು ಮಾಡಿ ಮಾಡಿ ಗೊತ್ತಾಗಿದೆ.

ಮೊದಲು ಕೆಲಸವನ್ನು ಎರಡು ಗುಡ್ಡೆ ಮಾಡಿ

ಒಂದು, ಬಿಟ್ಟೇಳಬಹುದಾದ ಕೆಲಸ. ಇನ್ನೊಂದು, ಬಿಟ್ಟೇಳಲಾಗದ ಕೆಲಸ. ಬಟ್ಟೆ ಕತ್ತರಿಸುವುದು, ಇಸ್ತ್ರಿ, ಕೌದಿಯ ಪದರಗಳನ್ನು ನೆಲದ ಮೇಲೆ ಹಾಸಿ ಹಿಡಿಯುವುದು, ಗಿಡವನ್ನು ಒಂದು ಕುಂಡದಿಂದ ಇನ್ನೊಂದಕ್ಕೆ ಬದಲಿಸುವುದು, ಇವೆಲ್ಲ ಬಿಟ್ಟೇಳಲಾಗದವು. ಇವನ್ನು ಮನೆಯಲ್ಲಿ ಇನ್ನೊಬ್ಬರು ಇರುವ ದಿನಕ್ಕೆ ಇಟ್ಟುಕೊಳ್ಳಿ. ಯಾರಾದರೂ "ಏನಾದ್ರೂ ಸಹಾಯ ಬೇಕಾ" ಅಂದರೆ ಸುಮ್ನೆ "ಬೇಡ, ಪರವಾಗಿಲ್ಲ" ಅನ್ನಬೇಡಿ. "ಭಾನುವಾರ 2 ಗಂಟೆ ಇವರ ಹತ್ತಿರ ಕೂತಿರಿ, ನಾನು ಬಟ್ಟೆ ಕತ್ತರಿಸಬೇಕು" ಅನ್ನಿ. ಹೇಳುವುದಕ್ಕೆ ಒಂಥರಾ ಅನ್ನಿಸುತ್ತದೆ, ನಿಜ. ಆದರೆ ಕೇಳಿದವರಿಗೂ ಏನು ಮಾಡಬೇಕು ಅಂತ ಗೊತ್ತಾದರೆ ನೆಮ್ಮದಿ.

ಉಳಿದದ್ದು ಬಿಟ್ಟೇಳಬಹುದಾದ ಗುಡ್ಡೆ: ಎರಡು ಚೂರು ಸೇರಿಸಿ ಹೊಲಿಯುವುದು, ಬಣ್ಣ ವಿಂಗಡಿಸುವುದು, ಒಣಗಿದ ಎಲೆ ಕೀಳುವುದು, ನೀರು ಹಾಕುವುದು. ಊಟ ಮಾಡಿಸಿದ ಮೇಲೆ ಕನಿಷ್ಠ ಅರ್ಧ ಗಂಟೆ ತಲೆ ಎತ್ತರದಲ್ಲೇ ಇರಬೇಕು, ಮಲಗಿಸಿದರೆ ಆಹಾರ ಮೇಲೆ ಬಂದು ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಆ ಅರ್ಧ ಗಂಟೆ ನಾನು ಹೇಗೂ ಅವರ ಪಕ್ಕದಿಂದ ಏಳುವ ಹಾಗಿಲ್ಲ. ಮೊದಲು ಆ ಹೊತ್ತಿನಲ್ಲಿ ಗೋಡೆ ನೋಡುತ್ತಿದ್ದೆ, ಗೋಡೆ ನೋಡುತ್ತಾ ಆಸ್ಪತ್ರೆಯ ಲೆಕ್ಕ ಹಾಕುತ್ತಿದ್ದೆ. ಈಗ ಅದೇ ನನ್ನ ಹೊಲಿಗೆಯ ಹೊತ್ತು. ನಿಮ್ಮ ದಿನದಲ್ಲೂ ಇಂಥ ಕಟ್ಟಿಹಾಕಿದ ಅರ್ಧ ಗಂಟೆ ಇದ್ದೇ ಇರುತ್ತದೆ, ಹುಡುಕಿ.

ಚೂರುಗಳನ್ನು ಆರಿಸುವುದು

ಹಳೆ ಅಂಗಿ, ದಿಂಬಿನ ಕವರ್, ಬೆಡ್‌ಶೀಟ್, ಏನಿದೆಯೋ ಅದು. ಹೊಸ ಬಟ್ಟೆ ಕೊಳ್ಳಲು ಹೋಗಬೇಡಿ. ಕೊಂಡ ಬಟ್ಟೆಯನ್ನು ಕತ್ತರಿಸಲು ಕೈ ನಡುಗುತ್ತದೆ, ಹಾಳಾದೀತು ಅನ್ನುವ ಚಿಂತೆ ಬೇರೆ ಸೇರಿಕೊಳ್ಳುತ್ತದೆ. ನಮಗೆ ಇರುವ ಚಿಂತೆಯೇ ಜಾಸ್ತಿ ಅಲ್ವಾ?

ಹತ್ತಿ ಬಟ್ಟೆ ಒಳ್ಳೆಯದು. ಹತ್ತಿಯೋ ಅಲ್ಲವೋ ಗೊತ್ತಾಗದಿದ್ದರೆ ಒಂದೆರಡು ಎಳೆ ಕಿತ್ತು ಸಿಂಕಿನ ಮೇಲೆ ಚಿಮಟದಲ್ಲಿ ಹಿಡಿದು ಸುಟ್ಟು ನೋಡಬಹುದು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಒಂದು ಮಾತು, ಮನೆಯಲ್ಲಿ ಆಕ್ಸಿಜನ್ ಸಿಲಿಂಡರ್ ಅಥವಾ ಆಕ್ಸಿಜನ್ ಯಂತ್ರ ಇದ್ದರೆ ಈ ಪರೀಕ್ಷೆಯೇ ಬೇಡ. ಕಡ್ಡಿ ಗೀರಲೇಬೇಡಿ. ಕೈಯಲ್ಲಿ ಮುದುರಿ ನೋಡಿ, ಸುಕ್ಕು ಉಳಿದರೆ ಬಹುಪಾಲು ಹತ್ತಿ ಅಂತ ಇಟ್ಟುಕೊಳ್ಳಿ, ಸಾಕು. ಕಡುಕೆಂಪು, ಕಡುನೀಲಿ ಚೂರುಗಳನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಪಕ್ಕಕ್ಕಿಡಿ. ಟೀ ಶರ್ಟಿನಂಥ ಎಳೆದರೆ ಹಿಗ್ಗುವ ಬಟ್ಟೆಯೂ ಬೇಡ. ಆದರೆ ಬೇಡವಾದದ್ದನ್ನು ಎಸೆಯಬೇಡಿ, ಗಿಡಗಳಿಗೆ ಬೇಕು.

ಅವರ ಅಂಗಿಗಳನ್ನು ಕತ್ತರಿಸುವ ವಿಷಯ. ನಾನು ಆತುರಪಟ್ಟೆ. ಗುಂಡಿ ಹಾಕುವ ಅಂಗಿ ಇನ್ನು ಅವರು ಹಾಕುವುದಿಲ್ಲ ಅಂತ ನಾನೇ ತೀರ್ಮಾನಿಸಿ ಬೂದು ಗೆರೆಯ ಅಂಗಿಯ ಜೇಬಿಗೆ ಕತ್ತರಿ ಇಟ್ಟೆ. ಅವರು ಮಂಚದಿಂದ ನೋಡುತ್ತಿದ್ದರು. ಏನೂ ಹೇಳಲಾಗದೆ ಎಡಗೈಯನ್ನು ಚಾದರದ ಮೇಲೆ ಬಡಿದರು, ಒಂದೇ ಸಲ. ಆ ಜೇಬು ಈಗಲೂ ಡಬ್ಬಿಯಲ್ಲಿದೆ. ಕೇಳದೆ ಅವರ ಬಟ್ಟೆ ಮುಟ್ಟಬೇಡಿ. ಮಾತು ಇಲ್ಲದವರನ್ನೂ ಕೇಳಬಹುದು.

108 ಚೌಕ, 107 ಹೊಲಿಗೆ

ವಿನ್ಯಾಸ ಗಿನ್ಯಾಸ ಏನೂ ಬೇಡ, ಬರೀ ಚೌಕ. ರಟ್ಟಿನಲ್ಲಿ 5 ಇಂಚಿನ ಒಂದು ಅಚ್ಚು ಕತ್ತರಿಸಿಕೊಂಡು ಎಲ್ಲ ಚೂರನ್ನೂ ಅದೇ ಅಳತೆಗೆ ತನ್ನಿ. ಸುತ್ತ ಕಾಲು ಇಂಚು, ಅಂದರೆ 6 ಮಿಲಿಮೀಟರ್, ಹೊಲಿಗೆಗೆ ಹೋಗುತ್ತದೆ, ಉಳಿಯುವುದು ನಾಲ್ಕೂವರೆ ಇಂಚು. 9 ಚೌಕ ಸೇರಿದರೆ ಒಂದು ದೊಡ್ಡ ಚೌಕ. ಅಂಥ 12 ದೊಡ್ಡ ಚೌಕವನ್ನು ಅಡ್ಡಕ್ಕೆ 3, ಉದ್ದಕ್ಕೆ 4 ಜೋಡಿಸಿದರೆ ಸುಮಾರು 40 ಇಂಚು ಅಗಲ, 54 ಇಂಚು ಉದ್ದದ ಕೌದಿ. ಕಾಲ ಮೇಲೆ, ಮಡಿಲ ಮೇಲೆ ಹೊದೆಯಲು ಸರಿ. ಮಂಚದ ಅಳತೆಗೆ ಹೊಲಿಯಲು ಹೊರಡಬೇಡಿ, ಮುಗಿಯುವುದೇ ಇಲ್ಲ.

ಲೆಕ್ಕ ಹಾಕಿದರೆ 108 ಚೌಕ. ಯಾವ ಕ್ರಮದಲ್ಲಿ ಸೇರಿಸಿದರೂ ಜೋಡಣೆ 107. ದಿನಕ್ಕೆ ಒಂದೇ ಹೊಲಿಗೆ ಹಾಕಿದರೂ ಮೂರೂವರೆ ತಿಂಗಳಲ್ಲಿ ಮೇಲ್ಪದರ ಆಗುತ್ತದೆ. ನನಗೆ 7 ತಿಂಗಳು ಹಿಡಿಯಿತು, ಮಧ್ಯೆ ಎರಡು ಸಲ ಆಸ್ಪತ್ರೆ.

ಕತ್ತರಿಸುವ ದಿನವೇ ಎಲ್ಲವನ್ನೂ ಕತ್ತರಿಸಿ, 9 ಚೌಕ, ಒಂದು ಸೂಜಿ, ದಾರ, ಪುಟ್ಟ ಕತ್ತರಿ ಹಾಕಿದ ಸಣ್ಣ ಚೀಲಗಳನ್ನು ಮಾಡಿಡಿ. ಇದು ನನ್ನ ಮುಖ್ಯ ಸಲಹೆ ಅಂದುಕೊಳ್ಳಿ. ಸುಸ್ತಾದ ತಲೆಗೆ ಹೊಲಿಯುವುದು ಕಷ್ಟವಲ್ಲ, ಯಾವ ಬಣ್ಣದ ಪಕ್ಕ ಯಾವುದು ಅಂತ ಯೋಚಿಸುವುದು ಕಷ್ಟ. ಇಡೀ ದಿನ ತೀರ್ಮಾನ ಮಾಡುವುದೇ ನಮ್ಮ ಕೆಲಸ: ಈ ಜ್ವರಕ್ಕೆ ಡಾಕ್ಟರಿಗೆ ಫೋನ್ ಮಾಡಬೇಕಾ, ನಾಳೆವರೆಗೆ ನೋಡಬೇಕಾ. ಚೀಲ ತೆಗೆದರೆ ತೀರ್ಮಾನ ಆಗಿಯೇ ಇರಬೇಕು.

ದಾರ ಒಂದೂವರೆ ಅಡಿಗಿಂತ ಉದ್ದ ಬೇಡ, ಗಂಟಾಗುತ್ತದೆ. ಎರಡು ಚೌಕದ ಒಳ್ಳೆ ಬದಿ ಒಳಗಿರುವಂತೆ ಇಟ್ಟು, ಅಂಚಿನಿಂದ ಕಾಲು ಇಂಚು ಒಳಗೆ ಪೆನ್ಸಿಲ್ ಗೆರೆ ಎಳೆದು ಸಾದಾ ಓಡು ಹೊಲಿಗೆ ಹಾಕಿ. ನಾಲ್ಕೈದು ಹೊಲಿಗೆಗೊಮ್ಮೆ ಸೂಜಿಯನ್ನು ಒಂದು ಹೆಜ್ಜೆ ಹಿಂದಕ್ಕೆ ತಂದು ಮುಂದುವರಿಸಿ. ನಡುವೆ ಬಿಟ್ಟೇಳುವವರಿಗೆ ಈ ಹಿಂದಿನ ಹೆಜ್ಜೆಯೇ ಬೀಗ, ಬಟ್ಟೆ ಎಳೆದಾಡಿದರೂ ಬಿಚ್ಚುವುದಿಲ್ಲ. ಇಸ್ತ್ರಿ ಬದಲು ಉಗುರಿನಿಂದ ಒತ್ತಿ ಮಡಿಕೆ ಕೂರಿಸಿ.

ಸೂಜಿ ಎಣಿಸಿ. ದಯವಿಟ್ಟು ಎಣಿಸಿ. ಒಂದು ರಾತ್ರಿ ಅವರ ಪಕ್ಕ ಕೂತು ಹೊಲಿಯುತ್ತಿದ್ದವಳು ಹಾಗೇ ತೂಕಡಿಸಿದೆ. ಎಚ್ಚರಾದಾಗ ದಾರ ಕೈಯಲ್ಲಿತ್ತು, ಸೂಜಿ ಇರಲಿಲ್ಲ. ಬಲಗಡೆ ಚುಚ್ಚಿದರೆ ಅವರಿಗೆ ಗೊತ್ತೂ ಆಗುವುದಿಲ್ಲ. ರಾತ್ರಿ ಒಂದೂವರೆಗೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಅಯಸ್ಕಾಂತ ಕಿತ್ತು ತಂದು ಹಾಸಿಗೆಯ ಮೇಲೆಲ್ಲ ಸವರಿದೆ. ಅವರ ಬೆನ್ನಿನ ಕೆಳಗಿನ ಚಾದರದ ಮಡಿಕೆಯಲ್ಲಿ ಟಿಕ್ ಅಂತ ಅಂಟಿತು. ಅಂದಿನಿಂದ ಮಂಚದ ಮೇಲೆ ಹೊಲಿಗೆ ಇಲ್ಲ, ಕುರ್ಚಿಯಲ್ಲಿ ಮಾತ್ರ. ಸೂಜಿದಿಂಬಿನಲ್ಲಿ 5 ಸೂಜಿ, ಏಳುವ ಮುಂಚೆ 5 ಇರಬೇಕು. ಓಡಬೇಕಾದಾಗ ಎಣಿಸಲು ಆಗದಿದ್ದರೆ, ವಾಪಸ್ ಬಂದ ಮೇಲೆ ಮೊದಲ ಕೆಲಸ ಅದೇ.

ಕುಂಡಗಳು

ನಾಲ್ಕು ಸಾಕು. ಮಂಚದಿಂದ ಕಾಣುವ ಕಿಟಕಿಯಲ್ಲಿ ಇಡಿ. ತಾರಸಿಯಲ್ಲಿ ಇಟ್ಟರೆ ನೀವು ಹೋಗುವುದಿಲ್ಲ, ನನ್ನ ಮೊದಲ ಹನ್ನೊಂದು ಗಿಡ ಹಾಗೆ ಒಣಗಿದವು. ಆಮೇಲೆ ಆ ಒಣಗಿದ ಗಿಡಗಳ ಮುಂದೆ ನಿಂತು ಇದನ್ನೂ ನೋಡಿಕೊಳ್ಳಲಾಗಲಿಲ್ಲ ಅಂತ ಅತ್ತದ್ದು ಬೇರೆ.

ಸುಲಭವಾಗಿ ಬರುವುದನ್ನೇ ಹಿಡಿಯಿರಿ. ದೊಡ್ಡಪತ್ರೆಯ ನಾಲ್ಕಿಂಚು ಕಡ್ಡಿ ಮುರಿದು, ಕೆಳಗಿನ ಎಲೆ ಕಿತ್ತು ತೇವದ ಮಣ್ಣಿಗೆ ಚುಚ್ಚಿದರೆ ಎರಡು ಮೂರು ವಾರದಲ್ಲಿ ಬೇರು ಹಿಡಿಯುತ್ತದೆ. ಪುದೀನ ಕಡ್ಡಿ ನೀರಿನ ಲೋಟದಲ್ಲೇ ಬೇರು ಬಿಡುತ್ತದೆ, ಗಾಜಿನ ಲೋಟವಾದರೆ ಮಲಗಿದವರಿಗೂ ಬೇರು ಕಾಣುತ್ತದೆ. ಮೆಂತ್ಯ ಬಿತ್ತಿದರೆ ನಾಲ್ಕೈದು ದಿನದಲ್ಲಿ ತಲೆ ಎತ್ತುತ್ತದೆ. ಯಾವುದೂ ಬೇಗ ಬದಲಾಗದ ಮನೆಯಲ್ಲಿ ನಾಲ್ಕೈದು ದಿನದಲ್ಲಿ ಏನಾದರೂ ಆಗುವುದು ದೊಡ್ಡ ವಿಷಯ.

ನೀರು ಜಾಸ್ತಿ ಹಾಕಿಯೇ ಹೆಚ್ಚು ಗಿಡ ಸಾಯುವುದು. ಬೆರಳಿನ ಮೊದಲ ಗೆಣ್ಣಿನವರೆಗೆ ಮಣ್ಣಿಗೆ ಚುಚ್ಚಿ ನೋಡಿ, ಒಣಗಿದ್ದರೆ ಮಾತ್ರ ಹಾಕಿ. ಕುಂಡದ ತಳದ ತೂತಿನ ಮೇಲೆ ಒಂದು ಚೂರುಬಟ್ಟೆ ಹಾಸಿದರೆ ಮಣ್ಣು ಸೋರುವುದಿಲ್ಲ. ಕೌದಿಗೆ ಬೇಡವಾದ ಟೀ ಶರ್ಟ್ ಪಟ್ಟಿ ಬಳ್ಳಿ ಕಟ್ಟಲು ಚೆನ್ನಾಗಿದೆ, ಹಿಗ್ಗುವುದರಿಂದ ಕಾಂಡ ಕತ್ತರಿಸುವುದಿಲ್ಲ. ಪಾಲಿಯೆಸ್ಟರ್ ಇರುವ ಪಟ್ಟಿಯನ್ನು ಹುರಿಮಾಡಿ, ಪೂರ್ತಿ ಒದ್ದೆ ಮಾಡಿ, ಒಂದು ತುದಿ ಎತ್ತರದಲ್ಲಿಟ್ಟ ನೀರಿನ ಬಕೆಟ್ಟಿನ ತಳಕ್ಕೆ, ಇನ್ನೊಂದು ತುದಿ ಕುಂಡದ ಮಣ್ಣಿನೊಳಗೆ ಎರಡು ಇಂಚು ಹೂತಿಟ್ಟರೆ ನಿಧಾನವಾಗಿ ನೀರು ಹರಿಯುತ್ತದೆ. ಹತ್ತಿಯೂ ಆಗುತ್ತದೆ, ಬೇಗ ಕೊಳೆಯುತ್ತದೆ ಅಷ್ಟೇ. ದಿಢೀರನೆ ಆಸ್ಪತ್ರೆಗೆ ಹೋಗಬೇಕಾದವರಿಗೆ ಇದು ಬೇಕೇ ಬೇಕು. ಆದರೆ ಮನೆಯಲ್ಲಿರುವಾಗಲೇ ಎರಡು ದಿನ ಇಟ್ಟು ನೋಡಿ. ಎಲ್ಲ ಬಟ್ಟೆಯೂ ನೀರು ಎಳೆಯುವುದಿಲ್ಲ, ಕೆಲವು ಜಾಸ್ತಿ ಎಳೆದು ಕೆಸರು ಮಾಡುತ್ತವೆ.

ಮರೆವಿನ ಕಾಯಿಲೆ ಇರುವವರು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳಬಹುದು. ಅಂಥವರ ಹತ್ತಿರ ಕಣಗಲೆ, ದತ್ತೂರ ಬೇಡವೇ ಬೇಡ. ಮನಿಪ್ಲಾಂಟ್ ಕೂಡ ಬಾಯಿ, ಗಂಟಲು ಉರಿಸುತ್ತದೆ. ಕೀಮೋ ಆಗುತ್ತಿರುವವರು, ರೋಗ ತಡೆಯುವ ಶಕ್ತಿ ಕಡಿಮೆ ಇರುವವರ ಕೋಣೆಯಲ್ಲಿ ಮಣ್ಣಿನ ಕುಂಡ ಇಡುವ ಮುಂಚೆ ಡಾಕ್ಟರನ್ನು ಕೇಳಿ, ಹಸಿ ಮಣ್ಣಿನಲ್ಲಿ ಬೂಷ್ಟು ಇರುತ್ತದೆ. ಮಣ್ಣು ಮುಟ್ಟಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಟ್ಯೂಬ್, ಗಾಯ ಮುಟ್ಟಬಾರದು. ನಾನು ಕೈಗವಸು ಹಾಕಿಕೊಳ್ಳುತ್ತೇನೆ, ತೆಗೆದು ಓಡುವುದು ಸುಲಭ.

ಅವರಿಗೂ ಒಂದು ಪಾಲು

ಎರಡು ಚೂರು ಎತ್ತಿ ಹಿಡಿಯುತ್ತೇನೆ. ಅವರು ಯಾವುದನ್ನು ನೋಡುತ್ತಾರೋ ಅದು. ಮೊದಮೊದಲು ಸುಮ್ನೆ ನನ್ನ ಸಮಾಧಾನಕ್ಕೆ ಅಂದುಕೊಂಡಿದ್ದೆ. ಒಂದು ದಿನ ಎರಡನ್ನೂ ನೋಡದೆ ಬುಟ್ಟಿಯ ಕಡೆಗೇ ನೋಡಿದರು. ಒಂದೊಂದೇ ತೆಗೆದು ತೋರಿಸುತ್ತಾ ಹೋದೆ, ಹಳದಿ ಚೂರಿಗೆ ಎಡಗೈ ಎತ್ತಿದರು. ನನಗೆ ಆ ಹಳದಿ ಕಂಡರೆ ಆಗುವುದಿಲ್ಲ. ಕೌದಿಯ ನಟ್ಟನಡುವೆ ಈಗ ಅದೇ ಇದೆ. ಸ್ಪ್ರೇ ಬಾಟಲಿ ಕೊಟ್ಟರೆ ಎಡಗೈಯಲ್ಲಿ ಎಲೆಗಳಿಗೆ ನೀರು ಹೊಡೆಯುತ್ತಾರೆ, ಅರ್ಧ ನನ್ನ ಮುಖಕ್ಕೆ. ಆಸಕ್ತಿ ಇಲ್ಲದ ದಿನ ಒತ್ತಾಯ ಮಾಡುವುದಿಲ್ಲ.

ಜನರಿಂದ ಚುಚ್ಚುಮಾತು ಬರುತ್ತದೆ, ಇದಕ್ಕೂ ಸಿದ್ಧವಾಗಿರಿ. "ಗಂಡ ಮಲಗಿದ್ದಾನೆ, ಇವಳಿಗೆ ಕೌದಿ ಹುಚ್ಚು" ಅಂತ ಹತ್ತಿರದವರೇ ಅಂದರು. ಆ ದಿನ ಚೀಲ ಮುಚ್ಚಿಟ್ಟೆ, ಮೂರನೇ ದಿನ ತೆಗೆದೆ. ಇದಕ್ಕಿಂತ ಕಷ್ಟದ್ದು "ನಿನಗೇನಮ್ಮ, ಗಿಡ ಹೊಲಿಗೆ ಅಂತ ಚೆನ್ನಾಗಿದ್ದೀಯ" ಅನ್ನುವುದು. ನಿದ್ದೆ ಬಾರದೆ ವಾರಗಟ್ಟಲೆ ಆದರೆ, ಬೆಳಿಗ್ಗೆ ಏಳಲೇ ಬೇಡ ಅನ್ನಿಸಿದರೆ, ಅವರ ಮೇಲೆ ಕೈ ಎತ್ತುವಷ್ಟು ಸಿಟ್ಟು ಬಂದರೆ ಸೂಜಿಯಿಂದ ಆಗುವ ಕೆಲಸ ಅಲ್ಲ ಅದು. ಡಾಕ್ಟರಿಗೆ ನಿಮ್ಮ ಹೆಸರಲ್ಲೇ ಒಂದು ಚೀಟಿ ತೆಗೆಸಿ. ನಾನು ತೆಗೆಸಿದ್ದೆ.

ಮುಗಿಸುವಾಗ

ಮೇಲ್ಪದರ ಆದ ಮೇಲೆ ಅದಕ್ಕಿಂತ ಸುತ್ತ ಎರಡು ಇಂಚು ದೊಡ್ಡದಾದ ಹಳೆ ಬೆಡ್‌ಶೀಟ್ ಕೆಳಗೆ ಹಾಸಿ. ಚಳಿ ಇದ್ದರೆ ಮಾತ್ರ ನಡುವೆ ತೆಳ್ಳನೆಯ ಇನ್ನೊಂದು ಪದರ. ಭಾರವಾದರೆ ಕಾಲು ಅಲುಗಿಸಲು ಅವರಿಗೆ ಕಷ್ಟ. ದೊಡ್ಡ ದೊಡ್ಡ ಹೊಲಿಗೆಯಲ್ಲಿ ತಾತ್ಕಾಲಿಕವಾಗಿ ಹಿಡಿದು, ಪ್ರತಿ ಚೌಕದ ಉದ್ದಕ್ಕೂ ಓಡು ಹೊಲಿಗೆ ಹಾಕಿ. ಕೊನೆಗೆ ಬೆಡ್‌ಶೀಟಿನ ಅಂಚನ್ನು ಮೇಲಕ್ಕೆ ಎರಡು ಸಲ ಮಡಚಿ ಹೊಲಿದರೆ ಬೇರೆ ಪಟ್ಟಿಯೇ ಬೇಡ. ಇದನ್ನು ಅವರ ಮೇಲೆ ಹೊದೆಸಿ, ಕೆಳಗೆ ಹಾಸಬೇಡಿ. ಮಲಗಿದಲ್ಲೇ ಇರುವವರ ಚರ್ಮಕ್ಕೆ ಹೊಲಿಗೆಯ ಏಣು ಒತ್ತಿ ಹುಣ್ಣಾಗಬಹುದು. ಮೊದಲ ಸಲ ತಣ್ಣೀರಿನಲ್ಲಿ ಬೇರೆಯಾಗಿ ತೊಳೆಯಿರಿ, ಒಗೆಯುವ ಮುಂಚೆ ಅಯಸ್ಕಾಂತವನ್ನು ಎರಡೂ ಬದಿ ಒಮ್ಮೆ ಸವರಿ.