ನಮ್ಮ ಲ್ಯಾಬಿನಲ್ಲೇ ಆರ್‌ಟಿ-ಕ್ವಿಕ್: ನನ್ನ ಅನುಭವ

"ವರ್ಷಕ್ಕೆ ಹತ್ತು ಸ್ಯಾಂಪಲ್ ಬರಲ್ಲ, ಅದಕ್ಕೆ ಇಷ್ಟು ದುಡ್ಡಾ?" ಆರ್‌ಟಿ-ಕ್ವಿಕ್ ಟೆಸ್ಟನ್ನು ನಮ್ಮಲ್ಲೇ ಶುರು ಮಾಡೋಣ ಎಂದಾಗ ಖರೀದಿ ಸಮಿತಿಯಲ್ಲಿ ನನಗೆ ಬಂದ ಮೊದಲ ಪ್ರಶ್ನೆ ಇದು. ಸಿಜೆಡಿ (ಕ್ರಾಯಿಟ್ಸ್‌ಫೆಲ್ಟ್-ಯಾಕೋಬ್) ಎಂಬ ಮಿದುಳಿನ ಮಾರಕ ಕಾಯಿಲೆ ಹಿಡಿಯುವ ಟೆಸ್ಟ್ ಅದು. ರೋಗಿಯ ಬೆನ್ನಿನ ನೀರಿನಲ್ಲಿ (ಸಿಎಸ್‌ಎಫ್) ತಪ್ಪಾಗಿ ಮಡಚಿದ ಪ್ರಿಯಾನ್ ಪ್ರೋಟೀನ್ ಇದ್ದರೆ, ನಾವು ಹಾಕುವ ಒಳ್ಳೆಯ ಪ್ರೋಟೀನೂ ಹಾಗೇ ಮಡಚಿ ಗಂಟು ಕಟ್ಟುತ್ತದೆ; ಆಗ ಜೊತೆಗಿರುವ ಬಣ್ಣ ಬೆಳಗಿ ಮೆಷಿನ್ನಿನಲ್ಲಿ ಗೆರೆ ಮೇಲೇರುತ್ತದೆ. ಹೋದ ವರ್ಷ ನಮಗೆ ಸುಮಾರು 60 ಸಿಎಸ್‌ಎಫ್ ಸ್ಯಾಂಪಲ್ ಬಂದವು. ಅದರಲ್ಲಿ 20ರ ಆಸುಪಾಸು ಪಾಸಿಟಿವ್. ಸಿಜೆಡಿ ಹತ್ತು ಲಕ್ಷ ಜನಕ್ಕೆ ವರ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಬರುತ್ತದೆ ಅನ್ನುವುದು ಎಲ್ಲರೂ ಒಪ್ಪಿದ ಲೆಕ್ಕ. ಕರ್ನಾಟಕದಲ್ಲಿ 6 ಕೋಟಿಗೂ ಜಾಸ್ತಿ ಜನ ಇದ್ದೇವೆ. ಅಂದರೆ ನಮ್ಮಲ್ಲೇ ವರ್ಷಕ್ಕೆ 60 ಜನಕ್ಕೆ ಕಡಿಮೆ ಇರಬಾರದು, ಅಲ್ವಾ? ಅವರೆಲ್ಲ ಎಲ್ಲಿ ಹೋಗುತ್ತಿದ್ದಾರೆ? ಮರೆವು, ಪಾರ್ಶ್ವವಾಯು, "ತಲೆಗೆ ಏನೋ ಆಯ್ತು" ಎಂಬ ಹೆಸರಲ್ಲಿ ನಾಲ್ಕೈದು ತಿಂಗಳಲ್ಲಿ ಮನೆಯಲ್ಲೇ ತೀರಿಕೊಳ್ಳುತ್ತಿದ್ದಾರೆ. ಟೆಸ್ಟ್ ಇಲ್ಲದ ಕಡೆ ಕೇಸೂ ಇರುವುದಿಲ್ಲ. ಇದನ್ನೇ ಸಮಿತಿಯಲ್ಲಿ ಮೂರು ಸಲ ಹೇಳಿದೆ.

ಟೆಸ್ಟಿಗೆ ಬೇಕಾದ ಪ್ರೋಟೀನನ್ನು ಮೊದಲು ಹೊರದೇಶದಿಂದ ತರಿಸಿದೆವು. ಸಾಗಾಟ ಸೇರಿ ಒಂದು ಲಕ್ಷದ ಮೇಲಾಯಿತು. ಕಾಗದಪತ್ರ ಮುಗಿಯುವಷ್ಟರಲ್ಲಿ ನಾಲ್ಕು ದಿನ ಕಳೆದು, ಡಬ್ಬಿ ತೆಗೆದಾಗ ಡ್ರೈ ಐಸ್ ಒಂದು ಚೂರೂ ಉಳಿದಿರಲಿಲ್ಲ. ವಯಲ್ ಬೆಚ್ಚಗಿತ್ತು. ಆದರೂ ಆಸೆ ಬಿಡಲಿಲ್ಲ, ಪ್ಲೇಟ್ ಹಾಕಿದೆ (ಸಾಲುಸಾಲು ಸಣ್ಣ ಗುಳಿಗಳಿರುವ ತಟ್ಟೆ ಅದು, ಆ ಗುಳಿಗಳಿಗೆ ನಾವು ಬಾವಿ ಅನ್ನುತ್ತೇವೆ). ಮೂರು ದಿನ ಗೆರೆ ನೆಲ ಬಿಟ್ಟು ಏಳಲಿಲ್ಲ, ರೋಗ ಇದೆ ಎಂದು ಮೊದಲೇ ಗೊತ್ತಿರುವ ಪಾಸಿಟಿವ್ ಕಂಟ್ರೋಲ್ ಕೂಡ. "ಹೊರಗೆ ಕಳಿಸಿ ರಿಪೋರ್ಟ್ ತರಿಸೋದೇ ಒಳ್ಳೇದು ಕಣಯ್ಯಾ" ಅಂದರು ಒಬ್ಬ ಹಿರಿಯರು. ರಿಪೋರ್ಟ್ ಬರುವ ಹೊತ್ತಿಗೆ ರೋಗಿ ಇರುವುದಿಲ್ಲ ಎಂದು ಅವರಿಗೂ ಗೊತ್ತಿತ್ತು.

ಪ್ರೋಟೀನ್ ನಾವೇ ಮಾಡಿಕೊಳ್ಳೋಣ ಅಂತ ಹೊರಟೆ. ಹ್ಯಾಮ್‌ಸ್ಟರ್ 90-231 (ಹ್ಯಾಮ್‌ಸ್ಟರಿನ ಪ್ರಿಯಾನ್ ಪ್ರೋಟೀನಿನ ಒಂದು ತುಂಡು), ಈ. ಕೋಲೈ ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ಅದರೊಳಗೆ ಕಟ್ಟುವ ಪ್ರೋಟೀನ್ ಉಂಡೆಗಳನ್ನು (ಇನ್‌ಕ್ಲೂಷನ್ ಬಾಡಿ) ಗ್ವಾನಿಡೀನ್‌ನಲ್ಲಿ ಕರಗಿಸಿ, ನಿಕ್ಕಲ್ ಮಣಿಗಳ ಮೇಲೆ ನಿಧಾನಕ್ಕೆ ಮಡಚಿಸುವುದು. ಈ ಕೆಲಸ ಲ್ಯಾಬಿನವರಿಗೆಲ್ಲ ಗೊತ್ತಿದ್ದದ್ದೇ. ಮೊದಲ ಬ್ಯಾಚು ಡಯಾಲಿಸಿಸ್ ಚೀಲದಲ್ಲೇ ಮಜ್ಜಿಗೆಯ ಹಾಗೆ ಬೆಳ್ಳಗಾಯಿತು. ಆಮೇಲಿನ ಬ್ಯಾಚುಗಳದ್ದು ಇನ್ನೊಂದು ಗೋಳು. ಪ್ಲೇಟಿನಲ್ಲಿ ಎಲ್ಲವೂ ಬೆಳಗಿತು, ನೀರು ಹಾಕಿದ ಬಾವಿ ಕೂಡ. ಹೀಗೆ ಏಳು ಬ್ಯಾಚು ಸಿಂಕಿಗೆ ಹೋದವು. ಒಂದೊಂದಕ್ಕೂ ಒಂದು ವಾರದ ದುಡಿಮೆ, 12ರಿಂದ 15 ಸಾವಿರ ರೂಪಾಯಿ.

ತಪ್ಪು ಎರಡು ಕಡೆ ಇತ್ತು. ಕರಗಿಸಿದ ಟ್ಯೂಬನ್ನು ಉಳಿತಾಯ ಅಂತ ಮತ್ತೆ ಮೈನಸ್ 80 ಡಿಗ್ರಿ ಫ್ರೀಜರಿನಲ್ಲಿ ಇಡುತ್ತಿದ್ದೆವು. ಅದರಲ್ಲಿ ಸಣ್ಣ ಗಂಟುಗಳು ಕಟ್ಟಿರುತ್ತವೆ, ಅವೇ ಬೀಜ ಆಗಿಬಿಡುತ್ತವೆ. ಈಗ ಒಂದು ಪ್ಲೇಟಿಗೆ ಒಂದು ಟ್ಯೂಬ್, ಉಳಿದದ್ದು ಕಸಕ್ಕೆ. ಹಾಕುವ ಮುಂಚೆ 100 ಕಿಲೋಡಾಲ್ಟನ್ ಫಿಲ್ಟರ್‌ನಲ್ಲಿ ಸೋಸಲೇಬೇಕು. ಎರಡನೆಯದು ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ. ಪಾಸಿಟಿವ್ ಕಂಟ್ರೋಲಿನ ಮಿದುಳಿನ ದ್ರಾವಣವನ್ನು ಅದೇ ಹುಡ್‌ನಲ್ಲಿ, ಅದೇ ಪಿಪೆಟ್‌ನಲ್ಲಿ ತೆಳು ಮಾಡುತ್ತಿದ್ದೆವು. ಇನ್ಯಾವುದೋ ಟೆಸ್ಟಿಗಾದರೆ ನಡೆಯುತ್ತಿತ್ತೇನೋ. ಇಲ್ಲಿ ಕಣ್ಣಿಗೆ ಕಾಣದ ಒಂದು ಹನಿ ಸಾಕು. ಆ ಕೆಲಸವನ್ನು ಬೇರೆ ಕೋಣೆಗೆ ಹಾಕಿದೆವು. ಪಿಪೆಟ್‌ಗೆ ಕೆಂಪು ಟೇಪ್ ಸುತ್ತಿದೆವು. ಮೇಜಿಗೆ ಒಂದು ಗಂಟೆ ಬ್ಲೀಚ್, ಪಾತ್ರೆಗೆ ಕಾಸ್ಟಿಕ್ ಸೋಡಾ. ಮಾರನೆಯ ವಾರವೇ ನೆಗೆಟಿವ್‌ಗಳು ತೆಪ್ಪಗೆ ಮಲಗಿದವು.

ನಿಕ್ಕಲ್ ಮಣಿಗಳ ಕಾಲಮ್‌ನಿಂದ ಪ್ರೋಟೀನ್ ಇಳಿಸುವ ವೇಗ, ಇಳಿದ ಕೂಡಲೇ ನಾವು ಮಾಡುವ ಒಂದು ಸಣ್ಣ ಕೆಲಸ, ಇವೆರಡನ್ನು ಇಲ್ಲಿ ಬರೆಯುವುದಿಲ್ಲ. ಲ್ಯಾಬಿಗೆ ಬನ್ನಿ, ಕಾಫಿ ಕುಡಿಯುತ್ತಾ ತೋರಿಸುತ್ತೇನೆ. ಈಗ ಒಂದು ಲೀಟರ್ ಬ್ಯಾಕ್ಟೀರಿಯಾ ಕಲ್ಚರಿಗೆ 10 ಮಿಲಿಗ್ರಾಂ ಹತ್ತಿರ ಸಿಗುತ್ತದೆ. ಒಂದು ಪ್ಲೇಟಿಗೆ ಒಂದು ಮಿಲಿಗ್ರಾಂ ಬೇಕು, ಲೆಕ್ಕ ನೀವೇ ಹಾಕಿ.

ಪ್ಲೇಟಿನ ವಿಷಯದಲ್ಲಿ ಹೊಸತೇನೂ ಇಲ್ಲ. 2015ರಲ್ಲಿ ಬಂದ ಎರಡನೇ ತಲೆಮಾರಿನ ವಿಧಾನವೇ: 55 ಡಿಗ್ರಿ, ಶೇ. 0.002 ಎಸ್‌ಡಿಎಸ್ (ಸೋಪಿನಂಥ ವಸ್ತು), 20 ಮೈಕ್ರೋಲೀಟರ್ ಸಿಎಸ್‌ಎಫ್, ಒಂದು ನಿಮಿಷ ಅಲುಗಾಟ, ಒಂದು ನಿಮಿಷ ವಿಶ್ರಾಂತಿ. ಆದರೆ 55 ಡಿಗ್ರಿಯಲ್ಲಿ ಅಂಚಿನ ಬಾವಿಗಳು ಒಣಗುತ್ತವೆ. ಸೀಲ್ ಫಿಲ್ಮನ್ನು ಬೆರಳಿನಿಂದ ಒತ್ತಿದರೆ ಸಾಲದು, ರೋಲರ್ ಎಳೆಯಿರಿ. ಅಂಚಿನ ಸಾಲಿಗೆ ಸುಮ್ನೆ ಬಫರ್ ತುಂಬಿಸಿ, ಸ್ಯಾಂಪಲ್ ಹಾಕಬೇಡಿ. ಇನ್ನು ಕರೆಂಟು. ಒಂದು ಮಳೆಗಾಲದ ರಾತ್ರಿ ಹತ್ತೊಂಬತ್ತನೇ ಗಂಟೆಗೆ ಮೆಷಿನ್ ನಿಂತು ಪೂರ್ತಿ ಪ್ಲೇಟ್ ಹಾಳಾಯಿತು. ಪ್ಲೇಟ್ ರೀಡರ್‌ಗೆ 25 ಲಕ್ಷ ಕೊಟ್ಟವರು ಯುಪಿಎಸ್‌ಗೆ 80 ಸಾವಿರ ಕೊಡಲು ಏಳು ತಿಂಗಳು ತೆಗೆದುಕೊಂಡರು.

ಮೊದಲ ನಿಜವಾದ ಪಾಸಿಟಿವ್ ಮಲೆನಾಡಿನ ಕಡೆಯ ಒಬ್ಬ ಮೇಷ್ಟ್ರದ್ದು. ಅರವತ್ತು ದಾಟಿದ್ದರು. ಎರಡು ತಿಂಗಳ ಹಿಂದೆ ಪಾಠ ಮಾಡುತ್ತಿದ್ದವರು ಮಗಳ ಗುರುತು ಹಿಡಿಯುತ್ತಿರಲಿಲ್ಲ. ತಟ್ಟೆ ಸದ್ದಾದರೂ ಮೈ ಬೆಚ್ಚಿಬೀಳುತ್ತಿತ್ತು. ಎಂಆರ್‌ಐನಲ್ಲಿ ಮಿದುಳಿನ ಹೊರಪದರ ರಿಬ್ಬನ್ನಿನಂತೆ ಹೊಳೆಯುತ್ತಿತ್ತು. ಇಇಜಿ ಮಾತ್ರ ಸ್ಪಷ್ಟ ಇರಲಿಲ್ಲ. ಸಿಎಸ್‌ಎಫ್‌ನಲ್ಲಿ ನೋಡುವ 14-3-3 ಎಂಬ ಪ್ರೋಟೀನ್ ಪಾಸಿಟಿವ್ ಬಂದಿದ್ದರೂ ಯಾರೂ ಧೈರ್ಯವಾಗಿ ಹೇಳುತ್ತಿರಲಿಲ್ಲ, ಪಾರ್ಶ್ವವಾಯುವಿನಲ್ಲೂ ಫಿಟ್ಸಿನಲ್ಲೂ ಅದು ಏರುತ್ತದಲ್ಲ. ಸಂಜೆ ಪ್ಲೇಟ್ ಹಾಕಿ ಹೋದೆ. ಬೆಳಿಗ್ಗೆ ಏಳಕ್ಕೆ ಬಂದು ನೋಡಿದರೆ ನಾಲ್ಕು ಬಾವಿಯ ನಾಲ್ಕೂ ಗೆರೆಗಳು ಏಳೆಂಟು ಗಂಟೆಗೇ ಮೇಲೇರಿ ಸಪಾಟಾಗಿ ನಿಂತಿದ್ದವು. ನೆಗೆಟಿವ್‌ಗಳು ತಳದಲ್ಲೇ ಇದ್ದವು. ಖುಷಿ ಪಟ್ಟ ಮರುಕ್ಷಣ ಅದು ಯಾರ ಸ್ಯಾಂಪಲ್ ಅಂತ ನೆನಪಾಗಿ ಕುರ್ಚಿಯಲ್ಲಿ ಕೂತುಬಿಟ್ಟೆ. "ಸರ್, ಅಪ್ಪನಿಗೆ ಏನಾಗಿದೆ ಅಂತ ಗೊತ್ತಾದ್ರೆ ಸಾಕು, ಇನ್ನು ಊರೂರು ಅಲೆಯಲ್ಲ" ಎಂದಿದ್ದರು ಅವರ ಮಗಳು. ಆ ವಾರವೇ ಮನೆಗೆ ಕರೆದುಕೊಂಡು ಹೋದರು.

ಸ್ಯಾಂಪಲ್ ಕಳಿಸುವವರಿಗೆ ಒಂದು ಮಾತು. ಬೆನ್ನಿನ ನೀರು ತೆಗೆಯುವಾಗ ಮೊದಲ ಟ್ಯೂಬು ನಸುಗೆಂಪಾಗಿದ್ದರೆ ಅದನ್ನು ನಮಗೆ ಕಳಿಸಬೇಡಿ. ರಕ್ತ ಸೇರಿದರೆ ಗೆರೆ ಏಳದೇ ಹೋಗಬಹುದು. ಒಬ್ಬರಿಗೆ ಹೀಗೇ ನೆಗೆಟಿವ್ ಕೊಟ್ಟು, ಎರಡನೇ ಸಲ ತಿಳಿ ನೀರು ತರಿಸಿದಾಗ ಪಾಸಿಟಿವ್ ಬಂತು. ಎರಡು ಸಲ ಸೂಜಿ ಚುಚ್ಚಿಸಿದ್ದಕ್ಕೆ ಆ ಮನೆಯವರ ಕ್ಷಮೆ ಕೇಳಿದೆ. ಮನೆತನದಲ್ಲಿ ಬರುವ, ನಿದ್ದೆಗೆಡಿಸುವ ಬಗೆಯ ಪ್ರಿಯಾನ್ ಕಾಯಿಲೆಯಲ್ಲಿ ಈ ಟೆಸ್ಟ್ ಅಷ್ಟು ನೆಚ್ಚಿಕೊಳ್ಳುವಂಥದ್ದಲ್ಲ, ಅಲ್ಲಿ ಜೀನ್ ನೋಡಿಸಿ.

ಮಧ್ಯೆ ಒಂದು ಪ್ರಯೋಗ ಮಾಡಿದೆ. ಒಂದೇ ಪಾಸಿಟಿವ್ ಸ್ಯಾಂಪಲನ್ನು ಹಂಚಿ ಫ್ರಿಜ್‌ನಲ್ಲಿ ಒಂದು ಪಾಲು, ಮೇಜಿನ ಮೇಲೆ ಒಂದು ಪಾಲು ಇಟ್ಟೆ. ಒಂದು ವಾರ ಕಳೆದರೂ ಎರಡೂ ಬೆಳಗಿದವು. ಹೊರಗಿನವರೂ ಇದನ್ನು ನೋಡಿದ್ದಾರೆ. ಆದರೆ ನಮ್ಮ ಏಪ್ರಿಲ್ ಸೆಕೆಯಲ್ಲಿ ನಾನೇ ನೋಡಬೇಕಿತ್ತು. ಅಂದಿನಿಂದ ದೂರದ ಜಿಲ್ಲೆಯವರಿಗೆ ಡ್ರೈ ಐಸ್ ಕೇಳುವುದಿಲ್ಲ. ಮೂರು ಪದರದ ಪ್ಯಾಕಿಂಗ್, ಐಸ್ ಜೆಲ್, ಅಷ್ಟೇ. ಸ್ಯಾಂಪಲ್ ಜಾಸ್ತಿಯಾಗಲು ಇದೇ ದೊಡ್ಡ ಕಾರಣ.

ಕಾಯಿಲೆ ಎಷ್ಟು ವೇಗವಾಗಿ ಹೋಗುತ್ತಿದೆ ಅಂತ ಗೆರೆ ಏಳುವ ಸಮಯದಿಂದ ತಿಳಿಯುತ್ತದಾ ಎಂದೂ ನೋಡಿದೆ. ನನ್ನ ಕೈಲಿದ್ದ ಎಂಟೊಂಬತ್ತು ಜನರಲ್ಲಿ ಏನೂ ಹೊಂದಲಿಲ್ಲ. ಒಂದೇ ಸ್ಯಾಂಪಲ್ ಎರಡು ಬ್ಯಾಚ್ ಪ್ರೋಟೀನಿನಲ್ಲಿ ಮೂರು ಗಂಟೆ ಆಚೀಚೆ ಆಗುತ್ತದೆ. ಹಿಂಬಾಲಿಸಿ ನೋಡಲು, ನರಕೋಶ ಹಾಳಾದಾಗ ಹೊರಬೀಳುವ ನ್ಯೂರೋಫಿಲಮೆಂಟ್ ಮತ್ತು ಟೌ ಪ್ರೋಟೀನುಗಳು ಮೇಲು. ಪ್ರಿಯಾನ್ ಪ್ರೋಟೀನನ್ನೇ ಕಡಿಮೆ ಮಾಡುವ ಔಷಧದ ಪರೀಕ್ಷೆ ಈಗ ಮನುಷ್ಯರಲ್ಲಿ ನಡೆಯುತ್ತಿರುವುದರಿಂದ ಆ ಕಡೆಯೂ ಕೈ ಹಾಕಿದ್ದೇನೆ. ಕಿಟ್ಟಿನ ಬೆಲೆ ಮಾತ್ರ ವಿಪರೀತ.

ಈಗ ಒಂದು ಸ್ಯಾಂಪಲಿಗೆ ಖರ್ಚು 1,500 ರೂಪಾಯಿ ಒಳಗೆ, ಮೆಷಿನ್ ಬಿಟ್ಟು. ನೆಗೆಟಿವ್ ರಿಪೋರ್ಟಿಗೂ ಅಷ್ಟೇ ಬೆಲೆ ಇದೆ. ಸಿಜೆಡಿ ಅಂತ ಕೈಬಿಟ್ಟಿದ್ದ ಒಬ್ಬ ಅಮ್ಮನ ಪ್ಲೇಟು ಎರಡು ಸಲವೂ ಬೆಳಗಲಿಲ್ಲ. ಮುಖ, ಕೈ ಒಂದೇ ಕಡೆ ಕ್ಷಣಕ್ಷಣಕ್ಕೂ ಸೆಳೆಯುತ್ತದೆ ಅಂತ ಅವರ ಸೊಸೆ ಹೇಳಿದ್ದು ನೆನಪಿಟ್ಟುಕೊಂಡು, ವಾರ್ಡಿಗೆ ಫೋನ್ ಮಾಡಿ ಆಂಟಿಬಾಡಿ ಕಳಿಸಿ ಎಂದೆ. ಎಲ್‌ಜಿಐ1 ಬಂತು, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳಿನ ಮೇಲೆ ತಿರುಗಿಬೀಳುವ, ಚಿಕಿತ್ಸೆ ಇರುವ ಕಾಯಿಲೆ. ಸ್ಟೀರಾಯ್ಡ್ ಕೊಟ್ಟರು. ಮೂರು ತಿಂಗಳಾದ ಮೇಲೆ ಆ ಅಮ್ಮ ತಾವೇ ನಡೆದು ಲ್ಯಾಬಿನ ಬಾಗಿಲಿಗೆ ಬಂದು, ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದ ಒಬ್ಬಟ್ಟಿನ ಡಬ್ಬಿ ಕೊಟ್ಟರು.